ಸಂಪಾದಕರ ಉತ್ತರ: ಬೆಟ್ಟದ ತಪ್ಪಲಿಗೆ ಮನೆ ಬದಲಿಸುವ ಮುನ್ನ

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಪ್ರೌಢಶಾಲೆಯ ಅಧ್ಯಾಪಕ ವೃತ್ತಿಯಿಂದ ನಿವೃತ್ತರಾಗಿರುವ ನೀವು, ಮಂಡ್ಯದ ಸ್ವಂತ ಮನೆಯನ್ನು ಮಾರಿ, ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಎದ್ದಿರುವ ಖಾಸಗಿ ಬಡಾವಣೆಯೊಂದರಲ್ಲಿ ಮೂವತ್ತು–ನಲವತ್ತರ ನಿವೇಶನ ಕೊಂಡು ನೆಲೆಸುವ ಯೋಚನೆಯಲ್ಲಿದ್ದೀರಿ. ತಂಪು ಹವೆ, ಬೆಳಗಿನ ನಡಿಗೆ, ತಾಯಿಯ ಸನ್ನಿಧಿ ಎಂದು ಮೂರು ಕಾರಣಗಳನ್ನು ಬರೆದು, ಸಾಧಕ ಬಾಧಕಗಳನ್ನು ತಿಳಿಸಬೇಕೆಂದು ಕೇಳಿದ್ದೀರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಲ್ಲಿಗೆ ಹೋಗಿ, ಆದರೆ ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ, ಮಂಡ್ಯದ ಮನೆಯನ್ನೂ ಮಾರಬೇಡಿ.

ತಂಪಿನ ಮಾತು ಅರ್ಧ ಮಾತ್ರ ನಿಜ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ತುಸು ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿ ತಂಪಾಗಿರುತ್ತದೆ. ನೀವು ನೋಡಿರುವ ಬಡಾವಣೆಯಾದರೋ ಹೆಚ್ಚುಕಡಿಮೆ ಊರಿನ ಮಟ್ಟದಲ್ಲೇ ಇದೆ. ಬೇಸಿಗೆಯ ಹಗಲಿನಲ್ಲಿ ಕಾದ ಬಂಡೆ ತನ್ನ ಕಾವನ್ನು ಸಂಜೆ ಬಿಟ್ಟುಕೊಡುವುದೂ ಉಂಟು. ಇನ್ನೊಂದು ಸಣ್ಣ ಸಂಗತಿಯನ್ನು ನಿವೇಶನ ಮಾರುವವರು ಹೇಳುವುದಿಲ್ಲ. ಬೆಟ್ಟದ ಬುಡಕ್ಕೇ ಅಂಟಿಕೊಂಡಂತೆ ಪಶ್ಚಿಮಕ್ಕಿರುವ ಮನೆಗೆ ಬೆಳಗಿನ ಬಿಸಿಲು ತಡವಾಗಿ ಬರುತ್ತದೆ, ಪೂರ್ವಕ್ಕಿರುವ ಮನೆಗೆ ಸಂಜೆಯ ಬಿಸಿಲು ಬೇಗ ಹೋಗುತ್ತದೆ. ಸೋಲಾರ್ ನೀರಿನ ಮೇಲೆ ಸ್ನಾನವನ್ನು ನೆಚ್ಚಿಕೊಳ್ಳುವವರು ಇದನ್ನು ಗಮನಿಸಬೇಕು.

ನಡಿಗೆಯ ವಿಷಯದಲ್ಲಿ ನಿಮ್ಮೊಂದಿಗೆ ನನ್ನ ತಕರಾರಿಲ್ಲ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆದ ಮೆಟ್ಟಿಲುಗಳು ಇಂದಿಗೂ ಮುಂಜಾನೆ ಜನರಿಂದ ತುಂಬಿರುತ್ತವೆ. ಇಂಥ ಸೌಲಭ್ಯ ಮಂಡ್ಯದಲ್ಲಿ ನಿಮಗೆ ಸಿಗುವುದಿಲ್ಲ. ಆದರೆ ನಿಮ್ಮ ಪತ್ನಿಯವರಿಗೆ ಮಂಡಿನೋವು ಎಂದು ನೀವೇ ಬರೆದಿದ್ದೀರಿ. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟ. ಅವರ ಪಾಲಿಗೆ ಮೆಟ್ಟಿಲಿಗಿಂತ ಕಾರಂಜಿ ಕೆರೆಯ ದಂಡೆ ವಾಸಿ.

ಮುಖ್ಯವಾಗಿ ವಿಚಾರಿಸಬೇಕಾದದ್ದು ನೀರು. ಮಂಡ್ಯದಲ್ಲಿದ್ದವರಿಗೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕಾಲಿಟ್ಟಲ್ಲೆಲ್ಲ ನೀರು ಕಂಡು ಅಭ್ಯಾಸವಾಗಿರುತ್ತದೆ. ಬೆಟ್ಟದ ಸುತ್ತಲಿನ ನೆಲ ಹಾಗಲ್ಲ. ಇದು ಗ್ರಾನೈಟ್ ಬಂಡೆಯ ನೆಲ. ಇಲ್ಲಿ ಅಂತರ್ಜಲ ಬಂಡೆಯ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ, ಆದ್ದರಿಂದ ಪಕ್ಕದ ನಿವೇಶನದ ಬೋರ್‌ವೆಲ್‌ನಲ್ಲಿ ನೀರು ಬಿದ್ದಿತೆಂದು ನಿಮ್ಮದರಲ್ಲಿಯೂ ಬೀಳುತ್ತದೆಂಬ ಭರವಸೆಯಿಲ್ಲ. ಮೈಸೂರು ನಗರಕ್ಕೆ ಕಾವೇರಿ ಮತ್ತು ಕಬಿನಿಯ ನೀರು ಬರುತ್ತದೆ ನಿಜ, ಆದರೆ ನಗರದ ಅಂಚಿನ ಎಷ್ಟೋ ಖಾಸಗಿ ಬಡಾವಣೆಗಳು ಇಂದಿಗೂ ಬೋರ್‌ವೆಲ್ ಮತ್ತು ಟ್ಯಾಂಕರ್‌ಗಳನ್ನೇ ನಂಬಿಕೊಂಡಿವೆ. ಅಂಥ ಕಡೆ ಏಪ್ರಿಲ್ ತಿಂಗಳಲ್ಲಿ ಬೆಳಗಿನ ಮೊದಲ ಕೆಲಸವೆಂದರೆ ಸಂಪಿನ ಮುಚ್ಚಳ ಸರಿಸಿ, ಕೋಲು ಇಳಿಬಿಟ್ಟು, ಅದು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ, ಟ್ಯಾಂಕರಿನವನಿಗೆ ಇಂದೇ ಫೋನ್ ಮಾಡಬೇಕೋ ನಾಳೆಗೆ ಸಾಕೋ ಎಂದು ತೀರ್ಮಾನಿಸುವುದು. ‘ಕಾವೇರಿ ನೀರು ಬರಲಿದೆ’ ಎಂದು ಯಾರಾದರೂ ಹೇಳಿದರೆ, ಪೈಪಿನಲ್ಲಿ ಈಗ ನೀರು ಬರುತ್ತಿರುವ ಒಂದು ಮನೆಯನ್ನು ತೋರಿಸಿರೆಂದು ಕೇಳಿ.

ಬೇಸಿಗೆಯಲ್ಲಿ ಸಿಗದ ನೀರೇ ಮಳೆಗಾಲದಲ್ಲಿ ಬಾಗಿಲಿಗೆ ಬಂದೀತು. ಬೆಟ್ಟದ ಮೇಲೆ ಬಿದ್ದ ಮಳೆ ಹಳ್ಳಗಳ ಮೂಲಕ ಇಳಿದು ಕೆರೆ ಸೇರುವುದು ಹಿಂದಿನಿಂದ ಬಂದ ವ್ಯವಸ್ಥೆ. ಹಳ್ಳವನ್ನು ಮುಚ್ಚಿ ರಸ್ತೆ ಮಾಡಿದರೂ ನೀರು ತನ್ನ ಜಾಡನ್ನು ಬಿಡುವುದಿಲ್ಲ. 2021ರ ಅಕ್ಟೋಬರ್‌ನ ಮಳೆಗೆ ಚಾಮುಂಡಿ ಬೆಟ್ಟದಲ್ಲೇ ನಂದಿ ವಿಗ್ರಹದ ಕಡೆಗೆ ಹೋಗುವ ರಸ್ತೆಯ ಒಂದು ಭಾಗವೇ ಕುಸಿದದ್ದು ನಿಮಗೆ ನೆನಪಿರಬಹುದು. ಆದ್ದರಿಂದ ಬಡಾವಣೆಯ ಬಣ್ಣದ ನಕ್ಷೆಯನ್ನು ಬದಿಗಿಟ್ಟು, ಕಂದಾಯ ಇಲಾಖೆಯ ಗ್ರಾಮನಕ್ಷೆಯನ್ನು ತೆಗೆಸಿ, ಅದರಲ್ಲಿ ಗುರುತಿಸಿರುವ ಹಳ್ಳ, ಕಾಲುವೆ ಮತ್ತು ಖರಾಬು (ಸಾಗುವಳಿಗೆ ಬಾರದ್ದೆಂದು ಬಿಟ್ಟ) ಜಾಗಗಳಿಗೂ ನಿಮ್ಮ ನಿವೇಶನಕ್ಕೂ ಎಷ್ಟು ದೂರವೆಂದು ಸರ್ವೆ ಬಲ್ಲವರಿಂದ ನೋಡಿಸಿ. ಭೂಪರಿವರ್ತನೆಯ ಆದೇಶ, ಪ್ರಾಧಿಕಾರದ ಅನುಮೋದನೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಋಣಭಾರ ಪತ್ರ, ಇ-ಖಾತೆ ಇವೆಲ್ಲ ಇರಲೇಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ. ಯಾವುದೇ ವಕೀಲರು ಅವನ್ನು ನೋಡುತ್ತಾರೆ. ಹಳ್ಳದ ಗೆರೆಯನ್ನು ನೋಡುವವರು ಕಡಿಮೆ.

ಚಿರತೆಯ ಬಗ್ಗೆ ಕೇಳಿದ್ದೀರಿ. ಬೆಟ್ಟ ಮೀಸಲು ಅರಣ್ಯ, ಅಲ್ಲಿ ಚಿರತೆ ಇದೆ, ಆಗಾಗ ತಪ್ಪಲಿನ ರಸ್ತೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಖಾಲಿ ನಿವೇಶನದಲ್ಲಿ ಕಸ ಬಿದ್ದರೆ ಬೀದಿನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಹೀಗಾಗಿ ಕಸದ ಗಾಡಿ ದಿನವೂ ಬರುವ ಬಡಾವಣೆಯನ್ನು ಆರಿಸಿಕೊಳ್ಳುವುದೇ ಒಳ್ಳೆಯ ಮುನ್ನೆಚ್ಚರಿಕೆ.

ತಾಯಿಯ ಸನ್ನಿಧಿಯ ಮಾತಿಗೆ ಬಂದರೆ, ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ತಡೆದು, ಲಲಿತಮಹಲ್ ಬಳಿಯ ಮೈದಾನದಿಂದ ಭಕ್ತರನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಆ ದಿನಗಳಲ್ಲಿ ಆ ಕಡೆಯ ನಿವಾಸಿಗಳಿಗೆ ಹಾಲು ತರಲು ಹೊರಡುವುದೂ ಒಂದು ಸಾಹಸ. ವರ್ಷದಲ್ಲಿ ಕೆಲವೇ ದಿನಗಳ ಈ ತೊಂದರೆಯನ್ನು ನಾನು ದೊಡ್ಡದೆನ್ನುವುದಿಲ್ಲ. ರಾತ್ರಿ ಎದೆನೋವು ಬಂದರೆ ಹೋಗಬೇಕಾದ ದಾರಿಯೇ ದೊಡ್ಡ ಪ್ರಶ್ನೆ: ಜಯದೇವ ಹೃದ್ರೋಗ ಆಸ್ಪತ್ರೆ ಇರುವುದು ಕೆ.ಆರ್.ಎಸ್. ರಸ್ತೆಯಲ್ಲಿ, ಅಂದರೆ ಬೆಟ್ಟದಿಂದ ಊರಿನ ಇನ್ನೊಂದು ತುದಿಯಲ್ಲಿ. ರಾತ್ರಿ ಎಂಟರ ನಂತರ ಬಡಾವಣೆಯ ಬಾಗಿಲಿಗೆ ಆಟೋ ಬರುತ್ತದೆಯೇ, ಕೊನೆಯ ಸಿಟಿ ಬಸ್ ಎಷ್ಟು ಗಂಟೆಗೆ ಎಂಬುದನ್ನು ಅಲ್ಲಿ ವಾಸವಿರುವ ವಯಸ್ಸಾದವರನ್ನೇ ಕೇಳಿ. ಬೆಂಗಳೂರಿನ ನಿಮ್ಮ ಮಗನಿಗೂ ಮಂಡ್ಯದಿಂದ ಮುಂದೆ ನಲವತ್ತೈದು ಕಿಲೋಮೀಟರಿನಷ್ಟು ದಾರಿ ಹೆಚ್ಚಾಗುತ್ತದೆ. ಅಂದಹಾಗೆ, ಎರಡು ಪುಟಗಳ ನಿಮ್ಮ ಪತ್ರದಲ್ಲಿ ಮಗನ ಅಭಿಪ್ರಾಯವಿದೆ, ದಲ್ಲಾಳಿಯ ಅಭಿಪ್ರಾಯವೂ ಇದೆ. ಪತ್ನಿಯವರದು ನನಗೆ ಕಾಣಲಿಲ್ಲ.

ಮಂಡ್ಯದ ಮನೆಯನ್ನು ಬಾಡಿಗೆಗೆ ಕೊಟ್ಟು, ನೀವು ನೋಡಿರುವ ಬಡಾವಣೆಯಲ್ಲಿಯೇ ಒಂದು ಬಾಡಿಗೆ ಮನೆ ಹಿಡಿಯಿರಿ. ಸಾಧ್ಯವಾದರೆ ಫೆಬ್ರವರಿಯಲ್ಲಿ ಸೇರಿಕೊಳ್ಳಿ. ಬೇಸಿಗೆಯ ಟ್ಯಾಂಕರು, ಆಷಾಢದ ಜನಜಂಗುಳಿ, ಅಕ್ಟೋಬರಿನ ಮಳೆ ಎಲ್ಲವೂ ಬಾಡಿಗೆ ಕರಾರಿನ ಹನ್ನೊಂದು ತಿಂಗಳೊಳಗೇ ಬಂದುಹೋಗುತ್ತವೆ.

– ಸಂಪಾದಕ