ಯುದ್ಧಾನಂತರದ ಸೋವಿಯತ್ ಸರಕು ಹಡಗುಗಳು: ಮಾಲೀಕ ಒಬ್ಬ, ಯಜಮಾನರು ಹಲವರು

ನಿಮ್ಮ ಪ್ರಶ್ನೆ ಹೀಗಿದೆ: ಎರಡನೇ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದ ಸರಕು ಹಡಗುಗಳೆಲ್ಲ ಸರ್ಕಾರದವೇ ಆಗಿದ್ದವಲ್ಲ, ಅವುಗಳ ಆಡಳಿತ ಹೇಗೆ ನಡೆಯುತ್ತಿತ್ತು, ಹಡಗುಗಳ ಸ್ಥಿತಿ ಹೇಗಿತ್ತು, ಒಬ್ಬನೇ ಮಾಲೀಕನಿದ್ದ ಮೇಲೆ ನಿರ್ವಹಣೆ ಸುಲಭವಲ್ಲವೇ?

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸುಲಭವಾಗಿರಲಿಲ್ಲ. ನಾನು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಹಡಗಿನ ಮಾಲೀಕ ಯಾರು ಎನ್ನುವುದು ನಮ್ಮಂಥವರಿಗೆ ಅಷ್ಟು ಮುಖ್ಯವಲ್ಲ. ‘ಈ ಹಡಗು ಇನ್ನು ಓಡುವುದು ಬೇಡ, ರಿಪೇರಿಗೆ ಹಾಕಿ’ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ ಎನ್ನುವುದೇ ಮುಖ್ಯ. 1945ರಿಂದ ಸುಮಾರು ಹತ್ತು ವರ್ಷ ಸೋವಿಯತ್ ಹಡಗುಗಳ ಮಟ್ಟಿಗೆ ಈ ಪ್ರಶ್ನೆಗೆ ಸರಿಯಾದ ಉತ್ತರವೇ ಇರಲಿಲ್ಲ.

ಮೊದಲು ಹಡಗುಗಳ ಸಂಗತಿ. ಯುದ್ಧ ಮುಗಿದಾಗ ಅವರ ಬಳಿ ಉಳಿದಿದ್ದವನ್ನು ಮೂರು ರಾಶಿ ಮಾಡಬಹುದು. ಒಂದು, ಯುದ್ಧಕ್ಕೆ ಮುಂಚಿನ ಹಳೆಯ ಹಡಗುಗಳು. ಅವುಗಳಲ್ಲಿ ಎಷ್ಟೋ ಹಡಗುಗಳನ್ನು 1930ರ ದಶಕದಲ್ಲಿ ಯುರೋಪಿನಿಂದ ಸೆಕೆಂಡ್ ಹ್ಯಾಂಡ್ ಆಗಿಯೇ ಕೊಂಡಿದ್ದರು. ಕಪ್ಪು ಸಮುದ್ರದ ಒಳ್ಳೆಯ ಹಡಗುಗಳು ಬಾಂಬು, ಟಾರ್ಪೆಡೊಗಳಿಗೆ ಬಲಿಯಾಗಿದ್ದವು. 1941ರ ನವೆಂಬರ್‌ನಲ್ಲಿ ಯಾಲ್ಟಾ ಬಳಿ ಮುಳುಗಿದ ‘ಅರ್ಮೇನಿಯಾ’ ಒಂದರಲ್ಲೇ ಗಾಯಾಳುಗಳೂ ನಿರಾಶ್ರಿತರೂ ಸೇರಿ ಸಾವಿರಾರು ಜನ ಸತ್ತರು. ಎರಡನೆಯ ರಾಶಿ, ಲೆಂಡ್-ಲೀಸ್ ಯೋಜನೆಯಡಿ ಅಮೆರಿಕ ಯುದ್ಧಕಾಲದಲ್ಲಿ ಕೊಟ್ಟ ಹಡಗುಗಳು. ಮೂರನೆಯದು, ಪಾಟ್ಸ್‌ಡ್ಯಾಮ್ ಒಪ್ಪಂದದ ಪ್ರಕಾರ ಜರ್ಮನಿಯ ಹಡಗುಗಳನ್ನು ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟಗಳು ಮೂರು ಪಾಲು ಮಾಡಿಕೊಂಡಾಗ ಸಿಕ್ಕಿದ್ದು. ಒಂದೊಂದು ಹಡಗೂ ಒಂದೊಂದು ದೇಶದ ಕಾರ್ಖಾನೆಯದು, ಒಂದೊಂದು ಅಳತೆಯದು. ಒಂದರ ಪಂಪಿನ ಬಿಡಿಭಾಗ ಇನ್ನೊಂದಕ್ಕೆ ಹೊಂದುವುದಿಲ್ಲ. ಸ್ಟೋರ್ ಕೀಪರ್ ಆಗಿ ಕೆಲಸ ಮಾಡಿದವರಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಹಡಗುಗಳಲ್ಲಿ ಮುಖ್ಯವಾದವು ಲಿಬರ್ಟಿ ವರ್ಗದವು. ಸುಮಾರು ನಲವತ್ತು ಲಿಬರ್ಟಿಗಳು ಸೋವಿಯತ್ ಬಾವುಟದಡಿ ಬಂದವು. ಉದ್ದ 135 ಮೀಟರ್, ವೇಗ ಗಂಟೆಗೆ 11 ನಾಟಿಕಲ್ ಮೈಲಿ, 2,500 ಅಶ್ವಶಕ್ತಿಯ ಮೂರು ಹಂತದ ಹಬೆ ಎಂಜಿನ್. ಎಂಜಿನ್ನು ಆಗಲೇ ಹಳೆಯ ಕಾಲದ್ದು. ಬೇಗ ತಯಾರಿಸಬಹುದು ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿದ್ದರು. ನಾನು ಕಲಿಯುತ್ತಿದ್ದ ದಿನಗಳಲ್ಲಿ ತರಬೇತಿಗೆಂದು ಇಟ್ಟಿದ್ದ ಅಂಥದೇ ಒಂದು ಎಂಜಿನ್ನಿನ ಮುಂದೆ ನಿಂತಿದ್ದೇನೆ. ಕ್ರ್ಯಾಂಕ್‌ಗೆ ಮುಚ್ಚಳ ಇರುವುದಿಲ್ಲ. ಆಳೆತ್ತರದ ಉಕ್ಕಿನ ತೋಳು ಕಣ್ಣೆದುರಿಗೇ ನಿಮಿಷಕ್ಕೆ ಎಪ್ಪತ್ತು ಚಿಲ್ಲರೆ ಸುತ್ತು ತಿರುಗುತ್ತಿರುತ್ತದೆ. ಎಣ್ಣೆ ಹಾಕುವವನು ಅದರ ಲಯಕ್ಕೆ ತೋಳನ್ನು ಬೀಸುತ್ತಾ, ಬೇರಿಂಗ್ ಕೆಳಗಿಳಿದು ಬರುವ ಕ್ಷಣಕ್ಕೆ ಅಂಗೈಯಿಂದ ಸವರಿ ಬಿಸಿ ಎಷ್ಟೆಂದು ನೋಡಬೇಕು. ಲಯ ತಪ್ಪಿದರೆ ಕೈ ಹೋಯಿತು. ಆದರೆ ಇಂಥ ಎಂಜಿನ್ನಿಗೆ ಒಂದು ದೊಡ್ಡ ಗುಣವಿದೆ: ಸುತ್ತಿಗೆ, ಅರ, ಬೇರಿಂಗ್‌ಗೆ ಎರಕ ಹೊಯ್ಯಲು ಒಂದಿಷ್ಟು ಬಿಳಿಲೋಹ ಇದ್ದರೆ ಯಾವ ಬಂದರಿನಲ್ಲಾದರೂ ಅದನ್ನು ಮತ್ತೆ ಓಡಿಸಬಹುದು. ಬಿಡಿಭಾಗ ಸಿಗದ ದೇಶಕ್ಕೆ ಹೇಳಿ ಮಾಡಿಸಿದಂಥದ್ದು.

ಲಿಬರ್ಟಿಯ ದೌರ್ಬಲ್ಯವಿದ್ದದ್ದು ಎಂಜಿನ್ನಿನಲ್ಲಲ್ಲ, ಒಡಲಿನಲ್ಲಿ. ಪೂರ್ತಿ ವೆಲ್ಡ್ ಮಾಡಿದ ಅದರ ಉಕ್ಕು ಚಳಿಯಲ್ಲಿ ಪೆಡಸಾಗುತ್ತಿತ್ತು. 1943ರ ಡಿಸೆಂಬರ್‌ನಲ್ಲಿ ಬೇರಿಂಗ್ ಸಮುದ್ರದ ಬಿರುಗಾಳಿಯಲ್ಲಿ ‘ವಲೇರಿ ಚ್ಕಾಲೊವ್’ ನಡುವೆಯೇ ತುಂಡಾಗಿ ಎರಡಾಯಿತು. ಎರಡೂ ತುಂಡುಗಳು ಮುಳುಗದೆ ತೇಲಿದವು. ಎಳೆದು ತಂದು ಕೆನಡಾದ ವ್ಯಾಂಕೂವರ್‌ನಲ್ಲಿ ಮತ್ತೆ ಜೋಡಿಸಿದರು! ಅದರ ನೆರವಿಗೆ ಹೋದದ್ದು ಇನ್ನೊಂದು ಲಿಬರ್ಟಿ, ‘ಝಾನ್ ಝೋರೆಸ್’. ಅದರ ಕ್ಯಾಪ್ಟನ್ ಆನ್ನಾ ಶ್ಚೆಟಿನಿನಾ ಎಂಬ ಹೆಣ್ಣುಮಗಳು. ಆಕೆಯ ವಿಷಯ ಮುಂದೆ ಬರುತ್ತದೆ. ಅಮೆರಿಕದವರು ಯುದ್ಧ ಮುಗಿದ ಮೇಲೆ ತಮ್ಮ ಲಿಬರ್ಟಿಗಳನ್ನು ನೂರಾರು ಸಂಖ್ಯೆಯಲ್ಲಿ ಮೂಲೆಗೆ ಕಟ್ಟಿಹಾಕಿದರು, ಮಾರಿದರು. ಸೋವಿಯತ್ತರು ಅವುಗಳ ಡೆಕ್‌ಗೆ ಉಕ್ಕಿನ ಪಟ್ಟಿ ಬಡಿದು, ಬಿರುಕಿನ ತುದಿಗೆ ರಂಧ್ರ ಕೊರೆದು ಅದು ಮುಂದೆ ಹಬ್ಬದಂತೆ ತಡೆದು, ಹೊಸ ಹಡಗಿಗೆ ದಾರಿಯಿಲ್ಲದೆ ದುಡಿಸುತ್ತಲೇ ಹೋದರು.

ಜರ್ಮನ್ ಪಾಲಿನಲ್ಲಿ ಸರಕು ಹಡಗುಗಳ ಜೊತೆಗೆ ಪ್ರಯಾಣಿಕರ ದೊಡ್ಡ ಹಡಗುಗಳೂ ಬಂದವು. ‘ಪಾಟ್ರಿಯಾ’ ಎಂಬುದು ‘ರೊಸ್ಸಿಯಾ’ ಆಯಿತು. ಮೈನ್ ಸಿಡಿದು ಮುಳುಗಿದ್ದ ‘ಹನ್ಸಾ’ವನ್ನು ಮೇಲೆತ್ತಿ, ವರ್ಷಗಟ್ಟಲೆ ರಿಪೇರಿ ಮಾಡಿ, 1955ರಲ್ಲಿ ‘ಸೊವೆಟ್ಸ್ಕಿ ಸೊಯೂಜ್’ ಎಂದು ಓಡಿಸಿದರು. ಅದೇ ರೀತಿ ಮುಳುಗಿ ಎದ್ದ 1925ರ ‘ಬರ್ಲಿನ್’ ಹಡಗು ‘ಅಡ್ಮಿರಲ್ ನಖೀಮೊವ್’ ಆಗಿ 1986ರ ತನಕ ಓಡಿತು. ಆ ವರ್ಷದ ಆಗಸ್ಟ್ 31ರಂದು ನೊವೊರಸಿಸ್ಕ್ ಹೊರಗೆ ಸರಕು ಹಡಗೊಂದು ಡಿಕ್ಕಿ ಹೊಡೆದು 423 ಜನ ಸತ್ತರು. ಅರವತ್ತು ವರ್ಷ ದಾಟಿದ ಹಡಗಿನಲ್ಲಿ ರಜೆಯ ಪ್ರವಾಸಿಗರನ್ನು ತುಂಬಿಸಿಕೊಂಡು ಹೋಗುವುದು ಯಾವ ಲೆಕ್ಕದಲ್ಲಿ ಸರಿ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಇನ್ನೊಂದು, ‘ಪೊಬೆಡಾ’. 1948ರ ಸೆಪ್ಟೆಂಬರ್ 1ರಂದು, ನ್ಯೂಯಾರ್ಕಿನಿಂದ ಹೊರಟ ಯಾನದ ಕೊನೆಯ ಹಂತದಲ್ಲಿ, ಒಡೆಸ್ಸಾ ಇನ್ನೇನು ಹತ್ತಿರವಿರುವಾಗ ಅದಕ್ಕೆ ಬೆಂಕಿ ಬಿತ್ತು. ಸಿನಿಮಾ ಯಂತ್ರ ನಡೆಸುವವನು ಫಿಲ್ಮ್ ಸುರುಳಿ ಸುತ್ತುತ್ತಿದ್ದಾಗ ಅದು ಹೊತ್ತಿಕೊಂಡಿತು. ಆ ಕಾಲದ ಫಿಲ್ಮ್ ಮದ್ದಿನಪುಡಿಯಷ್ಟೇ ಅಪಾಯಕಾರಿ. ಅದನ್ನು ಪ್ರಯಾಣಿಕರಿದ್ದ ಜಾಗದಲ್ಲಿ ಇಟ್ಟಿದ್ದೇ ತಪ್ಪು. ರೇಡಿಯೊ ಕೋಣೆಯೂ ಬೇಗನೆ ಬೆಂಕಿಗೆ ಸಿಕ್ಕಿತು. ಸತ್ತವರಲ್ಲಿ ಚೀನಾದ ಪ್ರಸಿದ್ಧ ಸೇನಾನಿ ಫೆಂಗ್ ಯುಶಿಯಾಂಗ್ ಕೂಡ ಇದ್ದರು. ಕ್ಯಾಪ್ಟನ್ನನ್ನೂ ಸಿನಿಮಾದವನನ್ನೂ ಜೈಲಿಗೆ ಕಳುಹಿಸಿದರು, ಹಡಗನ್ನು ರಿಪೇರಿಗೆ ಕಳುಹಿಸಿದರು. ಅದು ಮತ್ತೆ ಬಂದು ವರ್ಷಾನುಗಟ್ಟಲೆ ದುಡಿಯಿತು.

ಹೊಸ ಹಡಗುಗಳನ್ನೇಕೆ ಕಟ್ಟಲಿಲ್ಲ ಎಂದು ನೀವು ಕೇಳಬಹುದು. ಅವರ ದೊಡ್ಡ ಕಾರ್ಖಾನೆಗಳಲ್ಲಿ ಯುದ್ಧನೌಕೆಗಳಿಗೇ ಮೊದಲ ಮಣೆ. ಸರಕು ಹಡಗು ಬೇಕಿದ್ದರೆ ನೆರೆಯವರಿಂದ. ಸೋತ ಫಿನ್ಲೆಂಡ್ ಪರಿಹಾರದ ಲೆಕ್ಕದಲ್ಲಿ 1952ರ ತನಕ ಹಡಗು ಕಟ್ಟಿಕೊಟ್ಟಿತು. ಅವುಗಳಲ್ಲಿ ತೊಂಬತ್ತರಷ್ಟು ಮರದ ಹಾಯಿಹಡಗುಗಳೂ ಇದ್ದವು ಎಂದರೆ ಕೊರತೆ ಎಷ್ಟಿತ್ತೆಂದು ಊಹಿಸಿ. ಯುದ್ಧದ ನಂತರ ಪೋಲೆಂಡ್ ಕಟ್ಟಿದ ಮೊಟ್ಟಮೊದಲ ಸಮುದ್ರದ ಹಡಗು ‘ಸೊಲ್ಡೆಕ್’ 1948ರಲ್ಲಿ ಗ್ಡಾನ್ಸ್ಕ್‌ನಲ್ಲಿ ನೀರಿಗಿಳಿಯಿತು. ಅದು ಪೋಲೆಂಡಿನ ಬಳಿಯೇ ಉಳಿದರೂ ಅದೇ ಮಾದರಿಯ ಮುಂದಿನ ಹಲವು ಹಡಗುಗಳನ್ನು ಸೋವಿಯತ್ ಒಕ್ಕೂಟ ಕೊಂಡಿತು. ‘ಸೊಲ್ಡೆಕ್’ ಕಲ್ಲಿದ್ದಲಿನಲ್ಲಿ ನಡೆಯುತ್ತಿದ್ದ ಹಬೆ ಹಡಗು. ಸುಮಾರು ಮೂವತ್ತು ವರ್ಷ ದುಡಿದು, ಈಗ ಗ್ಡಾನ್ಸ್ಕ್‌ನಲ್ಲೇ ವಸ್ತುಸಂಗ್ರಹಾಲಯವಾಗಿ ನಿಂತಿದೆ.

ಈಗ ಆಡಳಿತ. ಮೇಲೆ ಮಾಸ್ಕೋದಲ್ಲಿ ಸಮುದ್ರ ಸಾರಿಗೆಯ ಸಚಿವಾಲಯ. ಅದರ ಕೆಳಗೆ ಪ್ರತಿಯೊಂದು ಸಮುದ್ರಕ್ಕೂ ಒಂದೊಂದು ಹಡಗು ಸಂಸ್ಥೆ: ಒಡೆಸ್ಸಾದಲ್ಲಿ ಕಪ್ಪು ಸಮುದ್ರದ್ದು, ಲೆನಿನ್‌ಗ್ರಾಡ್‌ನಲ್ಲಿ ಬಾಲ್ಟಿಕ್‌ನದು, ಮುರ್ಮಾನ್ಸ್ಕ್, ಅರ್ಖಾಂಗೆಲ್ಸ್ಕ್‌ಗಳಲ್ಲಿ ಉತ್ತರದವು, ವ್ಲಾದಿವೋಸ್ತೊಕ್‌ನಲ್ಲಿ ದೂರಪೂರ್ವದ್ದು. ಹಡಗುಗಳು, ಆ ಸಮುದ್ರದ ಬಂದರುಗಳು, ನೌಕರರು ಎಲ್ಲವೂ ಆ ಸಂಸ್ಥೆಗೆ ಸೇರಿದ್ದು. ಹಡಗು ಓಡಲು ಯೋಗ್ಯವೇ ಎಂದು ಪ್ರಮಾಣಪತ್ರ ಕೊಡುವ ರಿಜಿಸ್ಟರ್ ಕೂಡ ಸರ್ಕಾರದ್ದೇ. ಹಡಗೂ ಸರ್ಕಾರದ್ದು, ಪರೀಕ್ಷಕನೂ ಸರ್ಕಾರದವನು. ಆದರೆ ವಿದೇಶಿ ಸರಕು, ಬಾಡಿಗೆ ಹಡಗುಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ‘ಸೊವ್‌ಫ್ರಾಕ್ಟ್’ ಆಗ ಇದ್ದದ್ದು ವಿದೇಶ ವ್ಯಾಪಾರ ಸಚಿವಾಲಯದ ಕೈಕೆಳಗೆ. ಅಂದರೆ ಹಡಗು ಒಬ್ಬರದು, ಸರಕು ಇನ್ನೊಬ್ಬರದು. ತಡವಾದರೆ ಇಬ್ಬರೂ ಬಂದರಿನ ಕಡೆ ಬೆರಳು ತೋರಿಸುತ್ತಾರೆ.

ಇದರ ಹೊರಗೂ ಹಡಗುಗಳಿದ್ದವು. ಆರ್ಕ್ಟಿಕ್ ದಾರಿಯ ಆಡಳಿತ ಕಚೇರಿ 1953ರ ತನಕ ಪ್ರತ್ಯೇಕ ಸಾಮ್ರಾಜ್ಯವಾಗಿತ್ತು, ತನ್ನದೇ ಹಡಗು, ತನ್ನದೇ ಬಂದರು. ದೇಶದ ಈಶಾನ್ಯ ತುದಿಯ ಕೋಲಿಮಾದಲ್ಲಿ ಕೈದಿಗಳಿಂದ ಚಿನ್ನದ ಗಣಿಗಳನ್ನು ನಡೆಸುತ್ತಿದ್ದ, ಗುಪ್ತ ಪೊಲೀಸ್ ಇಲಾಖೆಯ ‘ದಾಲ್‌ಸ್ಟ್ರೊಯ್’ಗೂ ಸ್ವಂತ ಹಡಗುಗಳಿದ್ದವು; ‘ಜುರ್ಮಾ’, ‘ಫೆಲಿಕ್ಸ್ ಜೆರ್ಝಿನ್ಸ್ಕಿ’ಗಳ ತಳದಂತಸ್ತಿನಲ್ಲಿ ಕೈದಿಗಳನ್ನು ತುಂಬಿ ಅಲ್ಲಿನ ಬಂದರು ಮಗದಾನ್‌ಗೆ ಸಾಗಿಸುತ್ತಿದ್ದರು. ಅದೇ ಹಡಗುಗಳಲ್ಲಿ ಗಣಿಗೆ ಬೇಕಾದ ಸ್ಫೋಟಕಗಳೂ ಹೋಗುತ್ತಿದ್ದವು. 1946ರ ಜುಲೈನಲ್ಲಿ ನಖೋದ್ಕಾ ಬಂದರಿನಲ್ಲಿ ‘ದಾಲ್‌ಸ್ಟ್ರೊಯ್’ ಹೆಸರಿನ ಹಡಗೇ ಸಿಡಿಯಿತು. 1947ರ ಡಿಸೆಂಬರ್‌ನಲ್ಲಿ ಮಗದಾನ್‌ನ ನಗಾಯೆವೊ ಕೊಲ್ಲಿಯಲ್ಲಿ ‘ಗೆನೆರಲ್ ವತೂತಿನ್’ ಎಂಬ ಲಿಬರ್ಟಿ ಸಿಡಿದು ಬಂದರನ್ನೇ ಧ್ವಂಸ ಮಾಡಿತು. ಒಂದೂವರೆ ವರ್ಷದೊಳಗೆ ಒಂದೇ ದಾರಿಯಲ್ಲಿ, ಒಂದೇ ಬಗೆಯ ಸರಕಿನಿಂದ ಎರಡು ದುರಂತ. ಗಣಿಯವರಿಗೆ ಸಿಡಿಮದ್ದು ಬೇಗ ಬೇಕು. ಬೇಡ ಎನ್ನುವ ಧೈರ್ಯ ಯಾವ ಬಂದರು ಅಧಿಕಾರಿಗಿತ್ತು?

ಮೇಲಿನವರಿಗೂ ಧೈರ್ಯವಿರಲಿಲ್ಲ, ಇರುವ ಹಾಗೂ ಇರಲಿಲ್ಲ. 1942ರಿಂದ ಈ ಖಾತೆಯನ್ನು ನೋಡಿಕೊಳ್ಳುತ್ತಿದ್ದವರು ಪ್ಯೋತರ್ ಶಿರ್ಷೊವ್, ಉತ್ತರ ಧ್ರುವದ ಹಿಮಗಡ್ಡೆಯ ಮೇಲೆ ತೇಲುತ್ತಾ ತಿಂಗಳುಗಟ್ಟಲೆ ಸಂಶೋಧನೆ ಮಾಡಿದ ವಿಜ್ಞಾನಿ. 1946ರಲ್ಲಿ ಅವರ ಹೆಂಡತಿ, ನಟಿ ಯೆವ್ಗೇನಿಯಾ ಗರ್ಕುಶಾ ಅವರನ್ನು ಬಂಧಿಸಿ ಕೋಲಿಮಾಕ್ಕೆ ಅಟ್ಟಿದರು. 1948ರಲ್ಲಿ ಆಕೆ ಅಲ್ಲೇ ತೀರಿಕೊಂಡರು. ದೇಶದ ಸರಕು ಹಡಗುಗಳ ಸಚಿವನಿಗೆ ತನ್ನ ಹೆಂಡತಿಯನ್ನು ಬಿಡಿಸಿಕೊಳ್ಳಲಾಗಲಿಲ್ಲ. ಅದೇ ವರ್ಷ ಶಿರ್ಷೊವ್ ಅವರನ್ನು ಇಳಿಸಿ ಅಫನಾಸ್ಯೆವ್ ಎಂಬುವರನ್ನು ಕೂರಿಸಿದರು. ಕೆಲವೇ ವಾರಗಳಲ್ಲಿ ಅವರನ್ನೂ ಬಂಧಿಸಿ 20 ವರ್ಷದ ಶಿಕ್ಷೆ ಕೊಟ್ಟರು. ಇಂಥ ಕುರ್ಚಿಯಲ್ಲಿ ಕುಳಿತವನು ‘ಈ ವರ್ಷ ಗುರಿ ತಲುಪುವುದಿಲ್ಲ, ಹಡಗುಗಳಿಗೆ ರಿಪೇರಿ ಬೇಕು’ ಎಂದು ಮೇಲಕ್ಕೆ ಬರೆದಾನೆಯೇ?

ಗುರಿಯ ಲೆಕ್ಕವೇ ವಿಚಿತ್ರ. ಹಡಗಿನ ಕೆಲಸವನ್ನು ಅಳೆಯುತ್ತಿದ್ದದ್ದು ಟನ್ ಮತ್ತು ಟನ್-ಮೈಲಿಗಳಲ್ಲಿ. ಸಾವಿರ ಟನ್ ಸರಕು ಸಾವಿರ ಮೈಲಿ ಹೋದರೆ ಹತ್ತು ಲಕ್ಷ ಟನ್-ಮೈಲಿ. ಭಾರದ ಸರಕು, ದೂರದ ದಾರಿ ಸಿಕ್ಕ ಹಡಗಿಗೆ ಹಬ್ಬ. ಜಾಗ ತಿಂದು ತೂಕ ತೂಗದ ಯಂತ್ರೋಪಕರಣ, ಹತ್ತಿರದ ಸಣ್ಣ ಬಂದರಿನ ಹಿಟ್ಟು, ಸೀಮೆಎಣ್ಣೆ ಯಾರಿಗೂ ಬೇಡ. ಇದಕ್ಕಿಂತ ಕೆಟ್ಟದ್ದು ರಿಪೇರಿಯ ವಿಷಯ. ಡ್ರೈ ಡಾಕ್‌ನಲ್ಲಿ, ಅಂದರೆ ರಿಪೇರಿಗೆಂದು ನೀರು ಖಾಲಿ ಮಾಡಿದ ಕಟ್ಟೆಯಲ್ಲಿ, ನಿಂತ ಹಡಗಿನ ಟನ್-ಮೈಲಿ ಸೊನ್ನೆ. ಬಾಯ್ಲರ್ ಕೊಳವೆ ಸೋರಿದರೆ ಆ ಕೊಳವೆಗೆ ಬೆಣೆ ಹೊಡೆದು ಮುಚ್ಚುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ. ಒಂದೆರಡಕ್ಕೆ ಹೊಡೆದರೆ ಚಿಂತೆಯಿಲ್ಲ. ಹತ್ತಾರಕ್ಕೆ ಹೊಡೆದರೆ ಹಬೆ ಸಾಲದೆ ವೇಗ ತಗ್ಗುತ್ತದೆ, ವೇಗ ತಗ್ಗಿದರೆ ಯಾನದ ದಿನಗಳು ಹೆಚ್ಚುತ್ತವೆ, ಆಗ ಗುರಿ ಮುಟ್ಟಲು ಇನ್ನೊಂದು ಯಾನ ಸೇರಿಸಬೇಕಾಗುತ್ತದೆ, ರಿಪೇರಿ ಮತ್ತೆ ಮುಂದಕ್ಕೆ. ಖಾಸಗಿ ಮಾಲೀಕನೂ ರಿಪೇರಿ ಮುಂದೂಡುತ್ತಾನೆ, ಅಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಅವನಿಗೆ ವಿಮೆಯವನ ಭಯ, ಸರಕಿನವನು ಬೇರೆ ಹಡಗಿಗೆ ಹೋದಾನೆಂಬ ಭಯ ಇರುತ್ತದೆ. ಇಲ್ಲಿ ವಿಮೆಯೂ ಸರ್ಕಾರದ್ದು, ಬೇರೆ ಹಡಗೂ ಸರ್ಕಾರದ್ದು.

ಹಡಗಿನ ಮೇಲೆ ಕ್ಯಾಪ್ಟನ್ ಜೊತೆಗೆ ರಾಜಕೀಯ ಸಹಾಯಕ ಒಬ್ಬನಿರುತ್ತಿದ್ದ. ವಾಚ್, ಅಂದರೆ ಹಡಗು ನಡೆಸುವ ಪಾಳಿ, ಮಾಡುವುದಿಲ್ಲ, ಎಂಜಿನ್ ಮುಟ್ಟುವುದಿಲ್ಲ. ವಿದೇಶಿ ಬಂದರಿನಲ್ಲಿ ಯಾರು ಯಾರ ಜೊತೆ ದಡಕ್ಕಿಳಿದರು ಎನ್ನುವುದು ಅವನ ಕೆಲಸ. ಒಂಟಿಯಾಗಿ ಇಳಿಯುವ ಹಾಗಿಲ್ಲ, ಗುಂಪಾಗಿಯೇ ಹೋಗಬೇಕು. ಹೊರದೇಶಕ್ಕೆ ಹೋಗುವ ಅನುಮತಿಯನ್ನು ಕಿತ್ತುಕೊಂಡರೆ ನಾವಿಕನ ಬದುಕು ಅಲ್ಲಿಗೆ ಮುಗಿಯಿತು. ಆನ್ನಾ ಶ್ಚೆಟಿನಿನಾ 27ನೇ ವಯಸ್ಸಿನಲ್ಲಿ, 1935ರಲ್ಲಿ, ಹ್ಯಾಂಬರ್ಗ್‌ನಿಂದ ದೂರಪೂರ್ವಕ್ಕೆ ಹಡಗು ಒಯ್ದು ಜಗತ್ತಿನ ಪತ್ರಿಕೆಗಳಲ್ಲಿ ಹೆಸರಾದವರು. ಯುದ್ಧದ ನಂತರ ಬಾಲ್ಟಿಕ್‌ನಲ್ಲಿ ಅವರ ‘ಮೆಂಡೆಲೆಯೆವ್’ ಮಂಜಿನಲ್ಲಿ ಬಂಡೆಗೆ ತಾಗಿದಾಗ ಶಿಕ್ಷೆಯೆಂದು ಅವರನ್ನು ಒಂದು ವರ್ಷ ಮರದ ದಿಮ್ಮಿ ಸಾಗಿಸುವ ಹಡಗಿಗೆ ಹಾಕಿದರು. ಆಮೇಲೆ ಅವರು ಲೆನಿನ್‌ಗ್ರಾಡ್‌ನಲ್ಲಿ, ನಂತರ ವ್ಲಾದಿವೋಸ್ತೊಕ್‌ನಲ್ಲಿ ಪಾಠ ಹೇಳಿದರು. ‘ಪೊಬೆಡಾ’ದ ಕ್ಯಾಪ್ಟನ್‌ಗೆ ಹೋಲಿಸಿದರೆ ಆಕೆ ಅಗ್ಗದಲ್ಲಿ ಪಾರಾದರು ಎಂದೇ ಹೇಳಬೇಕು.

ಪರಿಸ್ಥಿತಿ ಬದಲಾದದ್ದು ಸ್ಟಾಲಿನ್ ತೀರಿಕೊಂಡ ಮೇಲೆ. 1954ರಲ್ಲಿ ಸಚಿವರಾದ ವಿಕ್ಟರ್ ಬಕಾಯೆವ್ 1970ರ ತನಕ ಅದೇ ಕುರ್ಚಿಯಲ್ಲಿದ್ದರು, ಯಾರೂ ಬಂಧಿಸಲಿಲ್ಲ. ಪೋಲೆಂಡ್, ಪೂರ್ವ ಜರ್ಮನಿ, ಫಿನ್ಲೆಂಡ್‌ಗಳಿಗೆ ಒಂದೇ ಮಾದರಿಯ ಹಡಗುಗಳಿಗೆ ಸಾಲುಸಾಲಾಗಿ ಆರ್ಡರ್ ಹೋಯಿತು. ಖೆರ್ಸೊನ್, ನಿಕೊಲಾಯೆವ್‌ಗಳ ಸ್ವಂತ ಕಾರ್ಖಾನೆಗಳೂ ಸರಕು ಹಡಗು ಕಟ್ಟತೊಡಗಿದವು. ಬಿಡಿಭಾಗದ ಗೋಳು ತಗ್ಗಿದ್ದು ಆಗಲೇ. 1962ರಲ್ಲಿ ಕ್ಯೂಬಾಕ್ಕೆ ಕ್ಷಿಪಣಿ ಸಾಗಿಸಿದ ‘ಪೊಲ್ತಾವಾ’ ಆ ಹೊಸ ಪೀಳಿಗೆಯ ಹಡಗು. ಸರಕು ಇಳಿಸುವ ಡೆಕ್ಕಿನ ಬಾಯಿ ಅಗಲವಾಗಿದ್ದರಿಂದ ಕ್ಷಿಪಣಿಗಳನ್ನು ಒಳಗೆ ಇಳಿಸಲು ಸಾಧ್ಯವಾಯಿತು.

ನಮ್ಮ ದೇಶಕ್ಕೂ ಇದಕ್ಕೂ ಸಂಬಂಧವಿದೆ. 1955ರಲ್ಲಿ ಭಿಲಾಯಿ ಉಕ್ಕಿನ ಕಾರ್ಖಾನೆಯ ಒಪ್ಪಂದವಾಯಿತು, 1956ರಲ್ಲಿ ಎರಡು ದೇಶಗಳ ನಡುವೆ ನೇರ ಹಡಗು ಸೇವೆಯ ಒಪ್ಪಂದ. ಸರಕನ್ನು ಎರಡೂ ಕಡೆಯ ಹಡಗುಗಳು ಸಮಸಮವಾಗಿ ಹಂಚಿಕೊಳ್ಳಬೇಕೆಂಬುದು ಅದರ ತತ್ತ್ವ. ಮುಂದೆ ರೂಪಾಯಿ ವ್ಯಾಪಾರ, ಅಂದರೆ ಡಾಲರ್ ಬದಲು ರೂಪಾಯಿಯಲ್ಲೇ ಲೆಕ್ಕ ತೀರಿಸುವ ವ್ಯಾಪಾರ, ಬೆಳೆದಂತೆ ಭಾರತದ ಗೋಡಂಬಿ, ಕಾಫಿ, ಚಹಾ, ಸೆಣಬು ಆ ಕಡೆಗೂ ಅವರ ಯಂತ್ರಗಳು ಈ ಕಡೆಗೂ ಹರಿದವು. ಮಂಗಳೂರಿನ ಗೋಡಂಬಿ ಕಾರ್ಖಾನೆಗಳಿಗೂ ನಮ್ಮ ಮಲೆನಾಡಿನ ಕಾಫಿ ಬೆಳೆಗಾರರಿಗೂ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿಯಾಗಿದ್ದನ್ನು ಆ ಕಾಲದವರು ಈಗಲೂ ನೆನೆಯುತ್ತಾರೆ. ಆ ಪಾಲುಗಾರಿಕೆಯಲ್ಲಿ ನಮ್ಮ ಕಡೆಯ ಹಡಗುಗಳ ಸ್ಥಿತಿ ಹೇಗಿತ್ತು ಎಂಬುದನ್ನು ಬೇರೆಯಾಗಿ ಕೇಳಿ. ಅಲ್ಲಿ ಮಾಲೀಕರೂ ಹಲವರಿದ್ದರು, ಕಥೆಯೂ ಉದ್ದವಿದೆ.