ಕೆಲಸ ಇದೆ, ಕಾಗದ ಎಲ್ಲಿದೆ? ವೈರ್‌ಮನ್ ಕಾಕಾನ ಉತ್ತರ

ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಎಲ್ಲದಕ್ಕೂ ಉತ್ತರ ಬರೆಯೋಕೆ ಜಾಗ ಇಲ್ಲ. ನನ್ನ ಬಗ್ಗೆ ಗೊತ್ತಿಲ್ಲದವರಿಗೆ: ನಾನು ವಿಜಯಪುರದವನು. ಮೂವತ್ತೊಂದು ವರ್ಷದಿಂದ ವೈರಿಂಗ್ ಕೆಲಸ. ನಮ್ಮ ಎಲೆಕ್ಟ್ರಿಕ್ ಕೆಲಸಗಾರರ ಸಂಘದ ಪುಸ್ತಕ ಬರೆಯುವ ಕೆಲಸವೂ ನನ್ನ ತಲೆಗೇ ಬಿದ್ದಿದೆ. ಅಕ್ಷರ ದುಂಡಗಿದೆ ಅನ್ನೋದು ಅವರು ಕೊಟ್ಟ ಕಾರಣ. ಬೇರೆ ಯಾರೂ ಒಪ್ಪಲಿಲ್ಲ ಅನ್ನೋದು ನಿಜವಾದ ಕಾರಣ.

ಕಾಕಾ, ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಎಂಟು ತಿಂಗಳಾಯಿತು. ಗೆಳೆಯರೆಲ್ಲ ಪುಣೆ ಹಿಡಿದರು. ನಮ್ಮ ಕಡೆ ಮುಂದೆ ಕೆಲಸ ಇದೆಯಾ, ನಾನೂ ಗಂಟು ಕಟ್ಟಲಾ?
– ಇಂಡಿಯಿಂದ ಒಬ್ಬ ಓದುಗ

ತಮ್ಮಾ, ಕೆಲಸ ಇದೆ. ಆದರೆ ಹನ್ನೆರಡು ತಿಂಗಳೂ ಒಂದೇ ಕಡೆ ಇಲ್ಲ. ರೈತನಿಗೆ ಮುಂಗಾರಿ, ಹಿಂಗಾರಿ ಇದ್ದ ಹಾಗೆ ನಮಗೂ ಹಂಗಾಮು ಇದೆ. ಅದನ್ನು ಮೊದಲು ಕಲಿ.

ಬಾಗಲಕೋಟೆ, ಬೆಳಗಾವಿ ಕಡೆ ಸಕ್ಕರೆ ಕಾರ್ಖಾನೆಗಳು ದೀಪಾವಳಿ ಆಸುಪಾಸಿನಲ್ಲಿ ಕಬ್ಬು ನುರಿಸೋಕೆ ಶುರು ಮಾಡುತ್ತವೆ. ಎಲ್ಲರೂ ಆಗ ಕೆಲಸ ಕೇಳಿಕೊಂಡು ಗೇಟಿನ ಮುಂದೆ ನಿಲ್ಲುತ್ತಾರೆ. ಅದು ತಪ್ಪು ಲೆಕ್ಕ. ನಮ್ಮ ಕೆಲಸ ಜಾಸ್ತಿ ಇರೋದು ಕಾರ್ಖಾನೆ ನಿಂತ ಮೇಲೆ. ಬೇಸಿಗೆಯಲ್ಲಿ ಮೋಟಾರ್‌ಗಳು ಒಂದೊಂದಾಗಿ ಹೊರಗೆ ಬರುತ್ತವೆ. ಬೇರಿಂಗ್ ಬದಲಿಸಬೇಕು, ವೈಂಡಿಂಗ್ ನೋಡಬೇಕು, ಕೇಬಲ್‌ನ ಹೊದಿಕೆ ಸರಿ ಇದೆಯಾ ಅಂತ ಮೆಗ್ಗರ್ ಹಿಡಿದು ನೋಡಬೇಕು, ಪ್ಯಾನೆಲ್ ಒಳಗಿನ ಬೂದಿ, ದೂಳು ತೆಗೆಯಬೇಕು. ಅದೇ ಹೊತ್ತಿಗೆ ಹೊಲದ ಮೋಟಾರ್‌ಗಳೂ ಸುಡುತ್ತವೆ. ವೋಲ್ಟೇಜ್ ಇಲ್ಲ, ಬೋರ್‌ನಲ್ಲಿ ನೀರಿಲ್ಲ, ಆದರೂ ಸ್ಟಾರ್ಟರ್ ಒತ್ತೋದು ಬಿಡೋಲ್ಲ. ವೈಂಡಿಂಗ್ ಅಂಗಡಿಯವರು ಊಟ ಮಾಡೋದು ಮಧ್ಯಾಹ್ನ ನಾಲ್ಕಕ್ಕೆ.

ತಿಕೋಟಾ ಕಡೆ ದ್ರಾಕ್ಷಿ ಕೊಯ್ದು ಒಣಗಿಸಿದ ಮೇಲೆ ಕೋಲ್ಡ್ ಸ್ಟೋರೇಜ್‌ಗೆ ಹೋಗುತ್ತದೆ. ಅಲ್ಲಿ ಕಂಪ್ರೆಸರ್, ಪ್ಯಾನೆಲ್ ನೋಡಿಕೊಳ್ಳೋಕೆ ಜನ ಬೇಕು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದೀಪದ ಕೆಲಸ ಇದೆ. ನಾಲ್ಕು ದಿನ ನಿದ್ದೆ ಇಲ್ಲ, ರೊಕ್ಕ ಮಾತ್ರ ಕೈಗೆ ಬರುತ್ತದೆ.

ಈಗ ಹೊಸದಾಗಿ ಬಂದಿರೋದು ಮನೆ ಮೇಲಿನ ಸೋಲಾರ್. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಾದರೆ 78,000 ರೂಪಾಯಿ ಸಬ್ಸಿಡಿ. ಹಾಗಾಗಿ ಜನ ಕೇಳುತ್ತಿದ್ದಾರೆ. ಪ್ಲೇಟ್ ಹೊತ್ತು ಮೇಲೆ ಹಾಕೋಕೆ ಹತ್ತು ಜನ ಸಿಗುತ್ತಾರೆ. ಡಿಸಿ ಕೇಬಲ್‌ನ ಕನೆಕ್ಟರ್ ಸರಿಯಾಗಿ ಕ್ರಿಂಪ್ ಮಾಡುವವನು, ಅಂದರೆ ತಂತಿಗೆ ಬಿಗಿಯಾಗಿ ಒತ್ತಿ ಕೂಡಿಸುವವನು, ಒಬ್ಬ ಸಿಕ್ಕರೆ ಪುಣ್ಯ. ಅದು ಸಡಿಲ ಇದ್ದರೆ ಕರೆಂಟ್ ಹರಿಯುವಲ್ಲೇ ಬಿಸಿಯಾಗಿ, ನಮ್ಮ ಬಿಸಿಲಿಗೆ ಇನ್ನಷ್ಟು ಕಾದು ಒಂದು ದಿನ ಕರಗಿ ಬೆಂಕಿ ಹಿಡಿಯುತ್ತದೆ. ಇಕ್ಕಳದಲ್ಲಿ ಒತ್ತಿ "ಆಯ್ತು" ಅನ್ನೋ ಮೇಸ್ತ್ರಿ ಹತ್ತಿರ ಕಲಿಯಬೇಡ. ಕ್ರಿಂಪಿಂಗ್ ಟೂಲ್ ಇಟ್ಟುಕೊಂಡವನ ಹತ್ತಿರ ಕಲಿ.

ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರ, ಆಲಮಟ್ಟಿಯ 290 ಮೆಗಾವ್ಯಾಟ್ ಪವರ್‌ಹೌಸ್, ಗುಡ್ಡದ ಮೇಲಿನ ಗಾಳಿಯಂತ್ರ ಇವನ್ನೆಲ್ಲ ನೋಡಿ ಕಾಯಂ ನೌಕರಿ ಸಿಗುತ್ತೆ ಅಂದುಕೊಂಡು ಕೂರಬೇಡ. ಐಟಿಐ ಹುಡುಗರಿಗೆ ಅಲ್ಲಿ ಸಿಗೋದು ಹೆಚ್ಚಾಗಿ ಗುತ್ತಿಗೆ ಕೆಲಸ. ಬೇಡ ಅನ್ನೋಲ್ಲ. ಹೋಗು, ಕಲಿ, ಆದರೆ ಕೆಲಸ ಮಾಡಿದ್ದಕ್ಕೆ ಕಾಗದ ತಗೊಂಡೇ ಬಾ. ಪುಣೆಗೂ ಅದೇ ಮಾತು. ಅಲ್ಲಿ ಪ್ಯಾನೆಲ್ ಕಟ್ಟುವ ವರ್ಕ್‌ಶಾಪ್ ಸಿಕ್ಕರೆ ಎರಡು ವರ್ಷ ಇದ್ದು ಡ್ರಾಯಿಂಗ್ ಓದೋದು ಕಲಿತು ವಾಪಸ್ ಬಾ. ಬರೀ ಪೈಪ್ ಬಡಿಯೋ ಕೆಲಸವಾದರೆ ಇಂಡಿಯಲ್ಲೇ ಇರು. ಅವ್ವನ ಕೈ ರೊಟ್ಟಿನಾದರೂ ಸಿಗುತ್ತದೆ.

ಅಣ್ಣಾ, ನನ್ನ ಗಂಡ ಊರಲ್ಲಿ ಮನೆ ವೈರಿಂಗ್ ಮಾಡುತ್ತಾರೆ. ರಾತ್ರಿ ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಜ್ ಹೋದರೆ ರೈತರು ಬಂದು ಕರೆದೊಯ್ಯುತ್ತಾರೆ. ನನಗೆ ಜೀವ ಕೈಯಲ್ಲಿ ಹಿಡಿದಂತಾಗುತ್ತದೆ. ಅವರಿಗೆ ಏನಾದರೂ ಕಾರ್ಡ್, ವಿಮೆ ಮಾಡಿಸಬಹುದಾ?
– ಮುದ್ದೇಬಿಹಾಳ ತಾಲೂಕಿನಿಂದ ಒಬ್ಬ ತಂಗಿ

ತಂಗೀ, ಕಾರ್ಡಿನ ಮಾತು ಆಮೇಲೆ. ಮೊದಲು ಈ ಸಾಲನ್ನು ನಿನ್ನ ಯಜಮಾನರಿಗೆ ಓದಿ ಹೇಳು: ಮೀಟರ್‌ನಿಂದ ಒಳಗಿನದ್ದು ನಮ್ಮದು, ಹೊರಗಿನದ್ದು ಹೆಸ್ಕಾಂ ಲೈನ್‌ಮನ್‌ದು.

ಟಿಸಿಗೆ ಬರೋದು 11 ಕೆವಿ. ಅಂದರೆ ಹನ್ನೊಂದು ಸಾವಿರ ವೋಲ್ಟ್. ಅದು ಮುಟ್ಟಿದ ಮೇಲೆ ಹೊಡೆಯೋ ಕರೆಂಟ್ ಅಲ್ಲ, ತೀರಾ ಹತ್ತಿರ ಹೋದರೂ ಹಾರಿ ಬಂದು ಹಿಡಿಯೋ ಕರೆಂಟ್. ಲೈನ್‌ಮನ್ ಹತ್ತುವ ಮೊದಲು ಸ್ಟೇಷನ್‌ನಿಂದ ಎಲ್‌ಸಿ, ಅಂದರೆ ಲೈನ್ ಬಂದ್ ಮಾಡಿಸಿದ ಅನುಮತಿ ತಗೊಳ್ಳುತ್ತಾನೆ, ಸ್ವಿಚ್ ತೆಗೆಯುತ್ತಾನೆ, ಅರ್ಥ್ ರಾಡ್ ಹಾಕುತ್ತಾನೆ. ನಿನ್ನ ಗಂಡನ ಹತ್ತಿರ ಏನಿದೆ? ಒಂದು ಒಣ ಬಿದಿರು ಗಳ, ಸುತ್ತ ನಿಂತು ಟಾರ್ಚ್ ಹಿಡಿದ ನಾಲ್ಕು ಜನ. ಅವರು ಒಳ್ಳೆಯವರೇ. ಬೆಳೆ ಒಣಗುತ್ತಿದೆ, ಕರೆಯುತ್ತಾರೆ. ಆದರೆ ನಾಳೆ ಏನಾದರೂ ಆದರೆ ಪರಿಹಾರ ಕೇಳಲು ಹೋದಾಗ ಬರೋ ಮೊದಲ ಪ್ರಶ್ನೆ, "ಹತ್ತೋಕೆ ಯಾರು ಹೇಳಿದರು?" ಆಗ ಟಾರ್ಚ್ ಹಿಡಿದವರು ಯಾರೂ ಕಾಣೋಲ್ಲ. ಯಾರಾದರೂ ರಾತ್ರಿ ಬಾಗಿಲು ಬಡಿದರೆ 1912ಕ್ಕೆ ಫೋನ್ ಮಾಡಿಸು. ದೂರಿನ ನಂಬರ್ ಬರೆದುಕೊಳ್ಳಲಿ. ತಡವಾಗುತ್ತದೆ, ಬೈಯುತ್ತಾರೆ. ಬೈಯಲಿ ಬಿಡು.

ಈಗ ಕಾರ್ಡ್. ಅದನ್ನು ಕೊಡುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಅಂದರೆ ಗೌಂಡಿಗಳಿಗೆ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ಕಟ್ಟಡದ ವೈರಿಂಗ್ ಮಾಡುವವರೂ ಅದರಲ್ಲಿ ಬರುತ್ತಾರೆ. ವಯಸ್ಸು 18ರಿಂದ 60ರ ಒಳಗೆ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಆ 90 ದಿನವೇ ನಮ್ಮವರಿಗೆ ಕಷ್ಟ. ಕೆಲಸ ಮಾಡಿರುತ್ತಾರೆ, ಬರೆದಿರೋಲ್ಲ. ಇವತ್ತಿನಿಂದ ಒಂದು ಕ್ಯಾಲೆಂಡರ್‌ನಲ್ಲಿ ನೀನೇ ಬರೆ: ಯಾವ ದಿನ, ಯಾರ ಮನೆ, ಏನು ಕೆಲಸ. ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿದರೆ ಅರ್ಜಿಯ ದಾರಿ ಹೇಳುತ್ತಾರೆ. ಏಜೆಂಟ್‌ಗೆ ರೊಕ್ಕ ಕೊಡಬೇಡ.

ಪವರ್‌ಮನ್ ನೌಕರಿಗೆ ಕಂಬ ಹತ್ತಲೇಬೇಕಾ?
– ಬಾದಾಮಿಯಿಂದ ಒಬ್ಬ ಓದುಗ

ಹತ್ತಲೇಬೇಕು. 2024ರಲ್ಲಿ ವಿದ್ಯುತ್ ಕಂಪನಿಗಳು ಅರ್ಜಿ ಕರೆದಾಗ 8 ಮೀಟರ್ ಕಂಬ ಹತ್ತೋದು ಕಡ್ಡಾಯ ಇತ್ತು. ಜೊತೆಗೆ ಓಟ, ಹಗ್ಗದಾಟ, ಗುಂಡು ಎಸೆತ. ತೆಂಗಿನ ಮರದಲ್ಲಿ ಅಭ್ಯಾಸ ಮಾಡಿದರೆ ಸಾಲೋಲ್ಲ, ಸಿಮೆಂಟ್ ಕಂಬ ನುಣ್ಣಗೆ ಜಾರುತ್ತದೆ. ಕರೆಂಟ್ ಕಂಬದಲ್ಲಂತೂ ಅಭ್ಯಾಸ ಮಾಡಲೇಬೇಡ. ತಂತಿ ಇಲ್ಲದ ಕಂಬ ನೆಟ್ಟು ಕಲಿಸುವ ಕಡೆ ಹೋಗು.

ಸಬ್‌ಸ್ಟೇಷನ್‌ನಲ್ಲಿ ಗುತ್ತಿಗೆದಾರರ ಕೆಳಗೆ ಆಪರೇಟರ್ ಆಗಿದ್ದೇನೆ. ಪಗಾರದಲ್ಲಿ ಪಿಎಫ್ ಹಿಡಿಯುತ್ತಾರೆ. ಕಟ್ಟುತ್ತಾರೋ ಇಲ್ಲವೋ ತಿಳಿಯೋದು ಹೇಗೆ? ಕೇಳಿದರೆ ಕೆಲಸ ಹೋಗುತ್ತದೆ ಅಂತ ಭಯ.
– ಹೆಸರು ಬೇಡ ಅಂದಿದ್ದಾರೆ

ಕೇಳದೆಯೇ ತಿಳಿಯಬಹುದು. ನಿಮ್ಮ ಯುಎಎನ್ (ಪಿಎಫ್ ಖಾತೆಯ) ನಂಬರ್ ಹಾಕಿ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆಯಿರಿ. ನಿಮ್ಮಿಂದ ಹಿಡಿದ 12 ಪರ್ಸೆಂಟ್, ಅವರು ಹಾಕಬೇಕಾದ 12 ಪರ್ಸೆಂಟ್, ತಿಂಗಳ ಲೆಕ್ಕ ಕಾಣುತ್ತದೆ. ಪಗಾರ 21,000 ರೂಪಾಯಿ ದಾಟಿಲ್ಲದಿದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡನ್ನೂ ಕೇಳಬೇಕು.

ಗುತ್ತಿಗೆದಾರ ಕಟ್ಟದಿದ್ದರೆ ಕೆಲಸ ಕೊಟ್ಟ ಮೂಲ ಸಂಸ್ಥೆಯೂ ಅದಕ್ಕೆ ಹೊಣೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ತಿಂಗಳು 27ನೇ ತಾರೀಕಿನ ಸುಮಾರಿಗೆ ಪಿಎಫ್‌ನವರು ಜಿಲ್ಲೆಗಳಲ್ಲಿ ಅಹವಾಲು ಕೇಳುವ ಶಿಬಿರ ಮಾಡುತ್ತಾರೆ. ನನ್ನ ಗೆಳೆಯನೊಬ್ಬನಿಗೆ ಹದಿನಾಲ್ಕು ತಿಂಗಳ ಪಿಎಫ್ ಹೀಗೇ ಮಾಯವಾಗಿತ್ತು. ಒಬ್ಬನೇ ಹೋಗಿ ಕೇಳಿದ. ಮರುದಿನವೇ ಶಿಫ್ಟ್ ಪಟ್ಟಿಯಲ್ಲಿ ಹೆಸರಿರಲಿಲ್ಲ. ಆಮೇಲೆ ಅದೇ ಸ್ಟೇಷನ್‌ನ ಏಳು ಜನ ಒಂದೇ ಕಾಗದಕ್ಕೆ ಸಹಿ ಹಾಕಿ ಕೊಟ್ಟರು. ರೊಕ್ಕ ಬಂತು, ಹೆಸರೂ ವಾಪಸ್ ಬಂತು. ಹಾಗಾಗಿ ಒಬ್ಬರೇ ಹೋಗಬೇಡಿ.

ಮತ್ತೊಂದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸಕ್ಕೆ ತಗೊಂಡ ಎಲ್ಲರಿಗೂ ನೇಮಕದ ಪತ್ರ ಕೊಡಬೇಕು. ಅದನ್ನು ಕೇಳೋದು ಜಗಳ ಅಲ್ಲ, ಹಕ್ಕು.

ಮನೆಗೆ ಜನರೇಟರ್ ತಂದೆ. ವೈರ್‌ಮನ್ ಚೇಂಜ್‌ಓವರ್ ಸ್ವಿಚ್ ಹಾಕಲೇಬೇಕು ಅಂತ ಹಟ ಹಿಡಿದಿದ್ದಾನೆ. ಸುಮ್ನೆ ಬಿಲ್ ಏರಿಸುತ್ತಿದ್ದಾನೆ ಅಲ್ವಾ?
– ಬಬಲೇಶ್ವರದಿಂದ ಒಬ್ಬ ರೈತರು

ಅಲ್ಲ ಮಾವಾ. ಆ ಹುಡುಗನಿಗೆ ಚಹಾ ಕುಡಿಸಿ. ಚೇಂಜ್‌ಓವರ್ ಅಂದರೆ ಮನೆಗೆ ಲೈನ್ ಇಲ್ಲವೇ ಜನರೇಟರ್, ಎರಡರಲ್ಲಿ ಒಂದನ್ನೇ ಕೂಡಿಸುವ ಸ್ವಿಚ್.

ಟಿಸಿ ಹನ್ನೊಂದು ಸಾವಿರವನ್ನು ಇಳಿಸಿ ನಿಮ್ಮ ಮನೆಗೆ ಕೊಡುತ್ತದೆ. ಉಲ್ಟಾ ಕಡೆಯಿಂದ ಕೊಟ್ಟರೆ ಅದೇ ಟಿಸಿ ಏರಿಸಿ ಲೈನಿಗೆ ಕೊಡುತ್ತದೆ. ಅದಕ್ಕೆ ದಿಕ್ಕು ಗೊತ್ತಿಲ್ಲ. ನೀವು ಸ್ವಿಚ್ ಇಲ್ಲದೆ ಜನರೇಟರ್ ಹಚ್ಚಿದರೆ, ಲೈನ್ ಬಂದ್ ಇದೆ ಅಂತ ನಂಬಿ ಕಂಬದ ಮೇಲಿರುವವನ ಕೈಗೆ ನಿಮ್ಮ ಮನೆ ಕರೆಂಟ್ ಹೋಗುತ್ತದೆ.

ನನಗೇ ಆಗಿದೆ. ಮದುವೆ ಸೀಸನ್. ಓಣಿಯಲ್ಲಿ ಕರೆಂಟ್ ತೆಗೆದಿದ್ದರು. ನಾನು ಏಣಿ ಮೇಲೆ ನಿಂತು ಒಂದು ಮನೆಯ ಸರ್ವಿಸ್ ವೈರ್ ಹಿಡಿದಿದ್ದೆ. ಪಕ್ಕದ ಮಂಗಲ ಕಾರ್ಯಾಲಯದಲ್ಲಿ ಜನರೇಟರ್ ಶುರು ಮಾಡಿದರು. ಓಲಗದ ಮೈಕ್ ಗುಂಯ್ ಅಂದದ್ದು ಕೇಳಿಸಿತು, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಜಲ್ಲಿ ರಾಶಿ ಮೇಲೆ ಬಿದ್ದಿದ್ದೆ. ಬಲ ಭುಜ ಈಗಲೂ ಪೂರ್ತಿ ಮೇಲೆ ಏಳೋಲ್ಲ. ಸೀಲಿಂಗ್ ಫ್ಯಾನ್ ಕಟ್ಟೋಕೆ ಹುಡುಗರನ್ನೇ ಹತ್ತಿಸುತ್ತೇನೆ.

ನನ್ನ ಅಳಿಯ ಅಮೆರಿಕದಲ್ಲಿದ್ದಾನೆ. ಅಲ್ಲಿ ಎಲೆಕ್ಟ್ರಿಷಿಯನ್‌ಗಳಿಗೆ ಸಂಘವೇ ಸರದಿ ಪ್ರಕಾರ ಕೆಲಸ ಕೊಡಿಸುತ್ತದಂತೆ. ನಮ್ಮಲ್ಲಿ ಯಾಕಿಲ್ಲ?
– ಜಮಖಂಡಿಯಿಂದ ಒಬ್ಬ ಹಿರಿಯರು

ನಿಮ್ಮ ಅಳಿಯ ಹೇಳಿದ್ದು ನಿಜ. ಐಬಿಇಡಬ್ಲ್ಯು ಅಂತ ಅದರ ಹೆಸರು. 1891ರಲ್ಲಿ ಸೇಂಟ್ ಲೂಯಿಸ್ ಊರಲ್ಲಿ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ ಒಬ್ಬ ಲೈನ್‌ಮನ್. 1896ರಲ್ಲಿ ಕೆಲಸ ಮಾಡುವಾಗ ಶಾಕ್ ಹೊಡೆದು ಕಂಬದಿಂದ ಬಿದ್ದು ತೀರಿಕೊಂಡ. ಅಧ್ಯಕ್ಷನಾದವನೂ ಕಂಬ ಹತ್ತುತ್ತಿದ್ದ ಕಾಲ ಅದು.

ಅಲ್ಲಿ ಊರಿಗೊಂದು ಶಾಖೆ. ಲೋಕಲ್ ಅಂತಾರೆ, ಪ್ರತಿಯೊಂದಕ್ಕೂ ಒಂದು ನಂಬರ್. ಕೆಲಸ ಇಲ್ಲದವನು ಸಂಘದ ಪುಸ್ತಕದಲ್ಲಿ ಸಹಿ ಹಾಕುತ್ತಾನೆ. ಊರಿನ ಅನುಭವಸ್ಥರಿಗೆ ಒಂದನೇ ಪುಸ್ತಕ, ಬೇರೆ ಊರಿಂದ ಬಂದ ಸದಸ್ಯರಿಗೆ ಎರಡನೇ ಪುಸ್ತಕ. ಗುತ್ತಿಗೆದಾರ ಜನ ಬೇಕು ಅಂದರೆ ಸಂಘಕ್ಕೆ ಫೋನ್ ಮಾಡುತ್ತಾನೆ, ಸರದಿಯಲ್ಲಿ ಮೇಲಿದ್ದವನು ಹೋಗುತ್ತಾನೆ. ಮುಂದೆ ಯಾವ ದೊಡ್ಡ ಕೆಲಸ ಬರುತ್ತದೆ, ಎಷ್ಟು ಜನ ಬೇಕಾಗಬಹುದು ಅಂತ ಮೀಟಿಂಗ್‌ನಲ್ಲಿ ಹೇಳುತ್ತಾರೆ. ಕಟ್ಟಡದ ವೈರ್‌ಮನ್ ಆಗೋಕೆ ಸುಮಾರು ಐದು ವರ್ಷ, 8,000 ಗಂಟೆ ಕೆಲಸದ ಮೇಲೇ ಕಲಿಯಬೇಕು. ಗಂಟೆ ಲೆಕ್ಕ! ನಮ್ಮಲ್ಲಿ ದಿನದ ಲೆಕ್ಕವೇ ಇಲ್ಲ.

ನಮ್ಮಲ್ಲಿ ಗಾಂಧಿ ಚೌಕದ ಚಹಾ ಅಂಗಡಿಯೇ ಪುಸ್ತಕ. ಬೆಳಗ್ಗೆ ಎಂಟಕ್ಕೆ ಗುತ್ತಿಗೆದಾರ ಬೈಕ್ ನಿಲ್ಲಿಸಿ, "ಇಬ್ಬರು ಬರ್ರಿ" ಅಂತಾನೆ. ಮುಂದೆ ನಿಂತವರು ಹತ್ತುತ್ತಾರೆ. ಚಹಾ ಮುಗಿಸುತ್ತಿದ್ದವನು ಉಳಿಯುತ್ತಾನೆ.

ಸಂಘ ನೋಂದಣಿಗೆ ಏಳು ಜನ ಅರ್ಜಿ ಹಾಕಬೇಕು. ಜೊತೆಗೆ ಆ ಕಸುಬಿನ ಕೆಲಸಗಾರರಲ್ಲಿ ನೂರಕ್ಕೆ ಹತ್ತು ಜನ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಇರಬೇಕು. ಅಷ್ಟು ಸಹಿ ಸೇರಿಸೋದೇ ನಮಗೆ ದೊಡ್ಡ ಕೆಲಸವಾಗಿದೆ. ಕಾಯೋದು ಯಾಕೆ ಅಂತ ನಾನು ಈ ಯುಗಾದಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಹೆಸರು, ವೈರ್‌ಮನ್ ಪರ್ಮಿಟ್ ನಂಬರ್, ಏನು ಬರುತ್ತದೆ, ಯಾವತ್ತಿನಿಂದ ಖಾಲಿ. ಇಪ್ಪತ್ತಾರು ಜನ ಬರೆಸಿದರು. ಅದರಲ್ಲಿ ಪರ್ಮಿಟ್ ಇದ್ದವರು ಒಂಬತ್ತೇ ಜನ. ಉಳಿದವರ ಆ ಕಾಲಂ ಖಾಲಿ ಬಿಟ್ಟಿದ್ದೇನೆ. ವಿದ್ಯುತ್ ಪರಿವೀಕ್ಷಣಾಲಯಕ್ಕೆ ಅರ್ಜಿ ಹಾಕಿ ತುಂಬಿಸಬೇಕು ಅಂತ ದಿನಾ ಬೈಯುತ್ತೇನೆ.

ಹೋದ ತಿಂಗಳು ಮೊದಲ ಕರೆ ಬಂತು. ಒಂದು ಕೋಲ್ಡ್ ಸ್ಟೋರೇಜ್‌ಗೆ ಇಬ್ಬರು ಬೇಕಂತೆ. ಪುಸ್ತಕದಲ್ಲಿ ಮೇಲಿದ್ದವನು ಫೋನ್ ಎತ್ತಲಿಲ್ಲ, ತಂಗಿಯ ಸೀಮಂತಕ್ಕೆ ಸಿಂದಗಿಗೆ ಹೋಗಿದ್ದ. ಎರಡನೆಯವನನ್ನೂ ಮೂರನೆಯವನನ್ನೂ ಕಳಿಸಿದೆ. ಹನ್ನೊಂದು ದಿನದ ಕೆಲಸ, ಪಗಾರ ಸರಿಯಾಗಿ ಬಂತು, ಕೆಲಸದ ದಿನಗಳ ಚೀಟಿಯನ್ನೂ ಕೊಟ್ಟರು. ಸೀಮಂತ ಮುಗಿಸಿ ಬಂದವನು ಚೌಕದಲ್ಲೇ ಜಗಳ ತೆಗೆದ. "ನನ್ನ ಸರದಿ ಹೆಂಗ್ ತಿಂದ್ರಿ ಕಾಕಾ?" ಅಂದ. ಅವನ ಮಾತಿನಲ್ಲೂ ನ್ಯಾಯ ಇದೆ. ಎಷ್ಟು ಸಲ ಫೋನ್ ಮಾಡಬೇಕು, ಎಷ್ಟು ಹೊತ್ತು ಕಾಯಬೇಕು, ಎತ್ತದಿದ್ದರೆ ಹೆಸರು ಅಲ್ಲೇ ಇರಬೇಕಾ ಕೆಳಗೆ ಹೋಗಬೇಕಾ ಅಂತ ನಾವು ಬರೆದೇ ಇರಲಿಲ್ಲ. ಬರುವ ಭಾನುವಾರ ಅದಕ್ಕೇ ಸೇರುತ್ತಿದ್ದೇವೆ. ನಿಮ್ಮ ಅಳಿಯನಿಗೆ ಕೇಳಿ ನೋಡಿ, ಅಲ್ಲಿ ಫೋನ್ ಎತ್ತದವನಿಗೆ ಏನು ಮಾಡುತ್ತಾರೆ? ಶನಿವಾರದೊಳಗೆ ತಿಳಿಸಿದರೆ ಅನುಕೂಲ.