ಡಬ್ಬಿ ಕೊಳ್ಳೋಕೆ ಮುಂಚೆ ತಟ್ಟೆ ನೋಡಿ

ಪ್ರಶ್ನೆ: ಮೇಡಂ, ನನಗೆ 20 ವರ್ಷ, ತೂಕ 58 ಕೆ.ಜಿ. ಆರು ತಿಂಗಳಿಂದ ಜಿಮ್‌ಗೆ ಹೋಗ್ತಿದ್ದೀನಿ, ತೋಳು ಮಾತ್ರ ಇದ್ದಷ್ಟೇ ಇದೆ. ವೇ ಪ್ರೋಟೀನ್, ಮಾಸ್ ಗೇನರ್, ಬಿಸಿಎಎ ಮೂರೂ ತಗೋ ಅಂತ ಟ್ರೈನರ್ ಹೇಳ್ತಾರೆ. ವೇ ಒಂದೇ ಕೆ.ಜಿ.ಗೆ 3,000 ರೂಪಾಯಿ. ಅಪ್ಪ ಕೇಳಿದ್ರೆ ‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ, ಇನ್ನೊಂದು ಮುದ್ದೆ ತಿನ್ನು’ ಅಂತಾರೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾಂಬಾರ್ ಮೊಸರು, ರಾತ್ರಿ ಎರಡು ಮುದ್ದೆ, ಹುರುಳಿಕಾಳಿನ ಸಾರು ಇಲ್ಲಾಂದ್ರೆ ಸೊಪ್ಪಿನ ಸಾರು, ಎರಡು ಹೊತ್ತು ಕಾಫಿ. ಕೋಳಿ ಭಾನುವಾರ ಮಾತ್ರ. ಯಾರ ಮಾತು ಕೇಳಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ತಮ್ಮಾ, ಏನು ತಿಂತೀಯ ಅಂತ ಬರೆದು ಕಳಿಸಿದ್ದಕ್ಕೆ ಮೊದಲು ಶಹಬ್ಬಾಸ್. ನನಗೆ ಬರುವ ಕಾಗದಗಳು ‘ಯಾವ ಕಂಪನಿ ಪುಡಿ ಒಳ್ಳೇದು’ ಅಂತ ಶುರುವಾಗಿ ಅಲ್ಲೇ ಮುಗಿಯುತ್ತವೆ. ಊಟದ ಸುದ್ದಿಯೇ ಇರುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ನಿನಗೆ 48 ಗ್ರಾಂ ಆಯಿತು. ಇದು ಆರೋಗ್ಯವಾಗಿರಲು. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಕೆ.ಜಿ.ಗೆ 1.6 ಗ್ರಾಂ ಅಂತ ಇಟ್ಟುಕೊಳ್ಳುತ್ತಾರೆ. ಅಂದರೆ ನಿನಗೆ 93 ಗ್ರಾಂ.

ಈಗ ನಿನ್ನ ತಟ್ಟೆ. ಚಿತ್ರಾನ್ನಕ್ಕೆ 100 ಗ್ರಾಂ ಅಕ್ಕಿ, ಮೇಲೆ ಒಂದಿಷ್ಟು ಕಡಲೆಬೀಜ ಅಂದುಕೊಂಡರೆ 11 ಗ್ರಾಂ. ಮಧ್ಯಾಹ್ನದ ಅನ್ನಕ್ಕೆ 12, ಮೊಸರಿಗೆ 3. ಸಾಂಬಾರಿಗೆ 2 ಕೊಡುತ್ತೇನೆ, ಯಾಕೆಂದರೆ ಕಾಲೇಜು ಕ್ಯಾಂಟೀನಿನ ಸಾಂಬಾರಿನಲ್ಲಿ ಬೇಳೆ ಹುಡುಕೋಕೆ ಟಾರ್ಚ್ ಬೇಕು. ಎರಡು ಮುದ್ದೆಗೆ 150 ಗ್ರಾಂ ಹಿಟ್ಟು ಹಿಡಿದರೆ 11, ಕಾಳು ಸಾರು ಇದ್ದ ದಿನ 6, ಕಾಫಿ ಹಾಲಿನಿಂದ 5. ಒಟ್ಟು 50. ಅಂದರೆ ಅಪ್ಪನ ಮಾತು ಅರ್ಧ ಸರಿ. ಬದುಕೋಕೆ ಆ ಊಟ ಸಾಕು. ಬೆಟ್ಟ ಕೀಳೋಕೆ ಇನ್ನೂ 43 ಗ್ರಾಂ ಬೇಕು. ಅಷ್ಟನ್ನೂ ಮುದ್ದೆಯಲ್ಲೇ ತುಂಬಿಸಲು ಹೋದರೆ ಇನ್ನೂ ಎಂಟು ಮುದ್ದೆ ನುಂಗಬೇಕಾಗುತ್ತದೆ!

ಆದರೆ ಮುದ್ದೆಗೆ ಕಾಳು ಸಾರು ಜೋಡಿ ಮಾಡಿದವರು ದಡ್ಡರಲ್ಲ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಅದರಲ್ಲಿ 9 ಮಣಿಗಳನ್ನು ನಮ್ಮ ಮೈ ತಾನಾಗಿ ಮಾಡಿಕೊಳ್ಳುವುದಿಲ್ಲ, ಊಟದಿಂದಲೇ ಬರಬೇಕು. ರಾಗಿ, ಅಕ್ಕಿಯಲ್ಲಿ ಲೈಸಿನ್ ಅನ್ನುವ ಮಣಿ ಕಡಿಮೆ. ಕಾಳಿನಲ್ಲಿ ಅದು ಜಾಸ್ತಿ, ಮೆಥಿಯೋನಿನ್ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಹಾಗಾಗಿ ಬರೀ ಸೊಪ್ಪಿನ ಸಾರಿನ ದಿನ ಪಕ್ಕಕ್ಕೆ ಒಂದು ಬಟ್ಟಲು ಹೆಸರುಕಾಳಿನ ಉಸಲಿ ಮಾಡಿಸಿಕೋ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಒಂಬತ್ತೂ ಒಟ್ಟಿಗೆ ಸಿಗುತ್ತವೆ.

43 ತುಂಬಿಸೋಣ. ದಿನಕ್ಕೆ ಮೂರು ಮೊಟ್ಟೆ, 18 ಗ್ರಾಂ. ಅರ್ಧ ಲೀಟರ್ ಹಾಲು, 16 ಗ್ರಾಂ. ಎರಡು ಹಿಡಿ ಹುರಿದ ಕಡಲೆಬೀಜ, ಅಂದರೆ ಸುಮಾರು 35 ಗ್ರಾಂ ತೂಕ, ಅದರಿಂದ 9. ಮುಗಿಯಿತು. ಹಾಲು ಆಗಿಬರದ ದಿನ 30 ಗ್ರಾಂ ಸೋಯಾ ಚಂಕ್ಸ್ ಸಾರಿಗೆ ಹಾಕಿಸಿಕೋ, 15 ಗ್ರಾಂ ಬರುತ್ತದೆ. ಬಿಸಿನೀರಲ್ಲಿ ನೆನೆಸಿ ಚೆನ್ನಾಗಿ ಹಿಂಡಿದರೆ ಆ ವಾಸನೆ ಹೋಗುತ್ತದೆ. ಮೊಟ್ಟೆ ಬೇಯಿಸಿಯೇ ತಿನ್ನು. ಹಸಿ ಮೊಟ್ಟೆಯ ಪ್ರೋಟೀನಿನಲ್ಲಿ ಅರ್ಧದಷ್ಟು ಮಾತ್ರ ಜೀರ್ಣವಾಗುತ್ತದೆ, ಬೆಂದಿದ್ದರೆ ಹತ್ತಿರ ಹತ್ತಿರ ಪೂರ್ತಿ. ಹಸಿಯಲ್ಲಿ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ರೋಗಾಣುವಿನ ಭಯ ಬೇರೆ.

ನಮ್ಮ ತಾತ ಮೈಸೂರಿನ ಒಂದು ಗರಡಿಯಲ್ಲಿ ಸಾಮು ಮಾಡಿದವರು. ರಾತ್ರಿ ನೆನೆಹಾಕಿದ ಬಾದಾಮಿಯನ್ನು ಅಜ್ಜಿ ಬೆಳಿಗ್ಗೆ ಒರಳಲ್ಲಿ ನುಣ್ಣಗೆ ರುಬ್ಬಿ ಒಂದು ಲೀಟರ್ ಹಾಲಿಗೆ ಕಲಸಿ ಕೊಡುತ್ತಿದ್ದರು. ತಾತ ಸಾಯುವವರೆಗೂ ಅದನ್ನು ಬಾದಾಮಿ ಬಲ ಅಂತಲೇ ಹೇಳಿದರು. ನಾನು ಆಹಾರಶಾಸ್ತ್ರ ಓದಲು ಹೋದ ಮೇಲೆ ಲೆಕ್ಕ ಹಾಕಿ ನೋಡಿದೆ. ಇಪ್ಪತ್ತು ಬಾದಾಮಿಗೆ 5 ಗ್ರಾಂ ಪ್ರೋಟೀನ್, ಒಂದು ಲೀಟರ್ ಹಾಲಿಗೆ 32. ದುಡಿದಿದ್ದು ಹಸು, ಹೆಸರು ಬಾದಾಮಿಗೆ! ತಾತನ ಹತ್ತಿರ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಇನ್ನು ನಿನ್ನ ಟ್ರೈನರ್ ಹೇಳುವ ಡಬ್ಬಿಗಳು. ವೇ ಅಂದರೆ ಔಷಧಿಯೇನಲ್ಲ, ಹಾಲಿನದೇ ಒಂದು ಪಾಲು. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80 ಕೇಸಿನ್, 20 ವೇ. ಚೀಸ್ ಮಾಡುವಾಗ ಹಾಲು ಹೆಪ್ಪುಗಟ್ಟಿದ ಮೇಲೆ ತಿಳಿಹಳದಿ ನೀರು ಉಳಿಯುತ್ತದೆ. ಅದನ್ನು ಸೋಸಿ ಒಣಗಿಸಿದರೆ ವೇ ಪುಡಿ. ಒಂದು ಕಾಲದಲ್ಲಿ ಚೀಸ್ ಕಾರ್ಖಾನೆಗಳು ಆ ನೀರನ್ನು ಮೋರಿಗೆ ಬಿಡುತ್ತಿದ್ದವು. ಹಾಗಂತ ಮನೆಯಲ್ಲಿ ಪನ್ನೀರ್ ಮಾಡಿ ಉಳಿದ ನೀರು ಕುಡಿದು ದುಡ್ಡು ಉಳಿಸಿದೆ ಅಂದುಕೊಳ್ಳಬೇಡ. ಹಾಲು ಕುದಿಸಿ ಒಡೆದಾಗ ವೇ ಪಾಲಿನ ಬಹುಭಾಗ ಪನ್ನೀರಿಗೇ ಅಂಟಿಕೊಂಡು ಹೋಗಿರುತ್ತದೆ. ಆ ನೀರಲ್ಲಿ ಚಪಾತಿ ಹಿಟ್ಟು ಕಲಸಿದರೆ ಮೆತ್ತಗಾಗುತ್ತದೆ, ಅಷ್ಟೇ.

ವೇ ಬೇಗ ಜೀರ್ಣವಾಗುತ್ತದೆ, ಕೇಸಿನ್ ನಿಧಾನ. ಕಾನ್ಸೆಂಟ್ರೇಟ್ ಅಂತ ಬರೆದಿರುವ ಒಳ್ಳೆಯ ಪುಡಿಯಲ್ಲಿ ನೂರಕ್ಕೆ 80ರ ತನಕ ಪ್ರೋಟೀನ್ ಇರುತ್ತದೆ, ಐಸೊಲೇಟ್‌ನಲ್ಲಿ 90 ಅಥವಾ ಮೇಲೆ. ಐಸೊಲೇಟ್‌ನಲ್ಲಿ ಹಾಲಿನ ಸಕ್ಕರೆ ಕಡಿಮೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರು ಬೇಕಾದರೆ ಅದಕ್ಕೆ ಹೆಚ್ಚು ದುಡ್ಡು ಕೊಡಲಿ. ನಿನಗೆ ಬೇಡ. 30 ಗ್ರಾಮಿನ ಒಂದು ಸ್ಕೂಪ್‌ನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, ನೀನು ಬರೆದ ರೇಟಿನಲ್ಲಿ ಅದಕ್ಕೆ 90 ರೂಪಾಯಿ. ಮೇಲೆ ಹೇಳಿದ ಮೊಟ್ಟೆ, ಹಾಲು, ಕಡಲೆಬೀಜದ ಖರ್ಚನ್ನು ನಿಮ್ಮ ಬೀದಿ ಅಂಗಡಿಯಲ್ಲಿ ಕೇಳಿ ಪಕ್ಕದಲ್ಲಿಟ್ಟು ನೋಡು.

ಪರೀಕ್ಷೆ ಸಮಯ, ಹಾಸ್ಟೆಲ್ ಊಟ, ಮೊಟ್ಟೆ ಸಿಗದ ಊರು ಅಂದರೆ ಒಂದು ಸ್ಕೂಪ್ ತಪ್ಪಲ್ಲ. ತಣ್ಣೀರಿಗೆ ಹಾಕಿ ಕಲಕು. ನನ್ನ ತಮ್ಮ ಮೊದಲ ಸಲ ಡಬ್ಬಿ ತಂದಾಗ ಅಮ್ಮ ಅದನ್ನು ಹಾರ್ಲಿಕ್ಸ್ ಅಂದುಕೊಂಡು ಕುದಿಯುವ ಹಾಲಿಗೆ ಸುರಿದರು. ಲೋಟದ ತುಂಬ ರಬ್ಬರಿನಂಥ ಗಂಟು. ಸತ್ವ ಹೋಗಿರಲಿಲ್ಲ, ಆದರೆ ಕುಡಿಯೋರು ಯಾರು? ಆ ವಾರವೆಲ್ಲ ಅಮ್ಮ ‘ಮೂರು ಸಾವಿರದ ಒಡೆದ ಹಾಲು’ ಅಂತ ಬೈದುಕೊಂಡೇ ಓಡಾಡಿದರು.

ಅದೇ ತಮ್ಮ ಆಮೇಲೆ ಒಂದು ಅಂಗಡಿಯವರ ಮಾತು ಕೇಳಿ ಮಾಸ್ ಗೇನರ್ ತಂದ. ಡಬ್ಬಿ ಬಕೆಟ್‌ನಷ್ಟಿತ್ತು. ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದರೆ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್. ಪಿಷ್ಟದಿಂದ ಮಾಡಿದ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುವ ಪುಡಿ ಅದು. ಎರಡು ತಿಂಗಳಲ್ಲಿ ಅವನ ತೂಕ ಏರಿತು, ಏರಿದ್ದು ಹೊಟ್ಟೆಯಲ್ಲಿ. ಹಿಟ್ಟು, ಅನ್ನ ಧಾರಾಳವಾಗಿ ಸಿಗುವ ಮಂಡ್ಯದಲ್ಲಿ ನಿನಗೆ ಅದು ಯಾಕೆ? ಬಿಸಿಎಎ ಅಂದರೆ ಆ ಒಂಬತ್ತರಲ್ಲಿ ಮೂರು ಮಣಿ ಮಾತ್ರ. ಮೊಟ್ಟೆ, ಹಾಲಿನಲ್ಲಿ ಅವು ಆಗಲೇ ಇವೆ. ಆ ದುಡ್ಡು ಸುಮ್ನೆ ನೀರಿಗೆ.

ಕೊಳ್ಳಲೇಬೇಕು ಅಂದರೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ನೋಡು. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಸೇರಿಸಿದ್ದರೆ ವಾಪಸ್ ಇಡು, ಅಗ್ಗದ ಅಮೈನೋ ಆಮ್ಲ ಬೆರೆಸಿ ಪ್ರೋಟೀನ್ ಲೆಕ್ಕ ಉಬ್ಬಿಸುವ ದಾರಿ ಅದು. ಯಾರಾದರೂ ಹೆಸರಿಲ್ಲದ ಮಾತ್ರೆ, ಇಂಜೆಕ್ಷನ್ ತೋರಿಸಿದರೆ ಆ ಜಿಮ್ಮನ್ನೇ ಬಿಡು. ಅದರಲ್ಲಿ ಸ್ನಾಯು ಉಬ್ಬಿಸುವ ಸ್ಟೀರಾಯ್ಡ್ ಇರಬಹುದು. ಅದು ಹೊರಗಿನಿಂದ ಬಂದರೆ ಮೈ ತನ್ನ ಗಂಡು ಹಾರ್ಮೋನ್ ಮಾಡುವುದನ್ನು ನಿಲ್ಲಿಸುತ್ತದೆ. ಮಾತ್ರೆಯಾದರೆ ಲಿವರ್‌ಗೂ ಪೆಟ್ಟು.

ಇನ್ನೊಂದು ಮಾತು ತಮ್ಮಾ. ಆರು ತಿಂಗಳು ಎತ್ತಿದ ಭಾರ ಅಷ್ಟೇ ಇದ್ದರೆ ತೋಳೂ ಅಷ್ಟೇ ಇರುತ್ತದೆ. ಭಾರ ಸ್ವಲ್ಪ ಸ್ವಲ್ಪವೇ ಏರುತ್ತಿದೆಯಾ? ಅದನ್ನು ನೀನು ಬರೆದಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. 22 ವರ್ಷದ ಮಗ ಕ್ರಿಯಾಟಿನ್ ಪುಡಿ ತಂದಿದ್ದಾನೆ. ಅದು ಮಾಂಸದ್ದಂತೆ, ಕಿಡ್ನಿ ಹಾಳಾಗುತ್ತದಂತೆ. ಭಯವಾಗಿದೆ.
– ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮಾ, ಕ್ರಿಯಾಟಿನ್ ಅಂದರೆ ಭಾರ ಎತ್ತುವಾಗ ಸ್ನಾಯುವಿಗೆ ಶಕ್ತಿ ಒದಗಿಸುವ ವಸ್ತು. ಅದನ್ನು ಮೊದಲು ಕಂಡುಹಿಡಿದಿದ್ದು ಮಾಂಸದಲ್ಲೇ, 1832ರಲ್ಲಿ. ಆದರೆ ಈಗ ಡಬ್ಬಿಯಲ್ಲಿ ಬರುವುದನ್ನು ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸುತ್ತಾರೆ. ಪುಡಿಯಾದರೆ ಮಡಿಗೆ ತೊಂದರೆಯಿಲ್ಲ. ಕ್ಯಾಪ್ಸೂಲ್ ಆದರೆ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಾಟಿನ್ ಇದೆಯಾ ಅಂತ ನೋಡಿ. ಮಾಂಸ ತಿನ್ನದವರ ಮೈಯಲ್ಲಿ ಅದು ಕಡಿಮೆ ಇರುವುದರಿಂದ ನಿಮ್ಮ ಮಗನಿಗೆ ಉಪಯೋಗವೂ ಆಗಬಹುದು. ಕ್ರಿಯಾಟಿನ್ ಮೋನೋಹೈಡ್ರೇಟ್ ಅನ್ನುವ ಮಾಮೂಲಿ ಬಗೆಯೇ ಸಾಕು, ದಿನಕ್ಕೆ 3ರಿಂದ 5 ಗ್ರಾಂ.

ಕಿಡ್ನಿ ಚೆನ್ನಾಗಿರುವವರಿಗೆ ಇಷ್ಟು ಪ್ರಮಾಣದಿಂದ ಹಾನಿ ಕಂಡುಬಂದಿಲ್ಲ. ಗೊಂದಲ ಹುಟ್ಟುವುದು ರಕ್ತಪರೀಕ್ಷೆಯಲ್ಲಿ. ಕ್ರಿಯಾಟಿನ್ ತಿಂದರೆ ರಿಪೋರ್ಟಿನಲ್ಲಿ ಕ್ರಿಯಾಟಿನೈನ್ (ಕಿಡ್ನಿ ಹೇಗಿದೆ ಅಂತ ತಿಳಿಯಲು ಅಳೆಯುವ ವಸ್ತು) ಸ್ವಲ್ಪ ಏರಿರಬಹುದು, ಕಿಡ್ನಿ ಸರಿಯಿದ್ದರೂ. ಪುಡಿ ತಿನ್ನುವ ವಿಷಯ ಡಾಕ್ಟರಿಗೆ ಮೊದಲೇ ಹೇಳಲಿ. ಮೊದಲಿಂದ ಕಿಡ್ನಿ ತೊಂದರೆ ಇದ್ದರೆ ಮಾತ್ರ ಮುಟ್ಟುವುದೇ ಬೇಡ. ಮೊದಲ ವಾರ ತೂಕ ಒಂದು ಕೆ.ಜಿ. ಏರಿದರೆ ಹಿಗ್ಗಬೇಡ ಅಂತಲೂ ಹೇಳಿ, ಅದು ಸ್ನಾಯುವಿನೊಳಗೆ ಸೇರಿದ ನೀರು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 66 ವರ್ಷ, 62 ಕೆ.ಜಿ. ತೊಡೆ ಸಣ್ಣಗಾಗಿ ಮೆಟ್ಟಿಲು ಹತ್ತುವುದು ಕಷ್ಟವಾಗಿದೆ. ಈ ವಯಸ್ಸಿಗೆ ಪ್ರೋಟೀನ್ ಪುಡಿ ಬೇಕೇ?
– ಶ್ರೀರಂಗಪಟ್ಟಣ

ಉತ್ತರ: ಮೇಷ್ಟ್ರೇ, ವಯಸ್ಸಾದ ಮೇಲೆ ಊಟ ಕಡಿಮೆಯಾಗುತ್ತದೆ, ಪ್ರೋಟೀನಿನ ಅಗತ್ಯ ಮಾತ್ರ ಜಾಸ್ತಿಯಾಗುತ್ತದೆ. ಕೆ.ಜಿ.ಗೆ 1ರಿಂದ 1.2 ಗ್ರಾಂ ಹಿಡಿಯಿರಿ, ನಿಮಗೆ 62ರಿಂದ 74. ಎಲ್ಲವನ್ನೂ ರಾತ್ರಿ ಊಟಕ್ಕೆ ಬಿಡದೆ ಮೂರು ಹೊತ್ತಿಗೂ ಹಂಚಿ. ಬೆಳಗಿನ ಇಡ್ಲಿಗೆ ಚಟ್ನಿ ಬದಲು ಗಟ್ಟಿ ಬೇಳೆ ಸಾಂಬಾರ್, ಹನ್ನೊಂದು ಗಂಟೆಗೆ ಕಾಫಿ ಜೊತೆ ಬಿಸ್ಕತ್ತಿನ ಬದಲು ಹುರಿಗಡಲೆ. ಹಲ್ಲು ತಡೆಯದಿದ್ದರೆ ಹುರಿಗಡಲೆ ಪುಡಿ ಮಾಡಿ ಮಜ್ಜಿಗೆಗೆ ಹಾಕಿಕೊಳ್ಳಿ. ಇಷ್ಟರಲ್ಲೂ ಲೆಕ್ಕ ತುಂಬದಿದ್ದರೆ ಆಗ ಪುಡಿಯ ಮಾತು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಪ್ರೋಟೀನ್ ಹೆಚ್ಚಿಸುವ ಮೊದಲು ಒಮ್ಮೆ ಕಿಡ್ನಿ ಪರೀಕ್ಷೆ ಮಾಡಿಸಿ.

ಮತ್ತೆ, ಬರೀ ತಿಂದರೆ ತೊಡೆ ತುಂಬುವುದಿಲ್ಲ. ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈ ಊರದೆ ಎದ್ದು ಕೂರಿ, ಎಷ್ಟು ಸಲ ಆಗುತ್ತದೋ ಅಷ್ಟು, ದಿನ ಬಿಟ್ಟು ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಹೋಗಿ. ಎರಡು ತಿಂಗಳು ಬಿಟ್ಟು ನನಗೊಂದು ಕಾಗದ ಬರೆಯಿರಿ, ಅದರಲ್ಲಿ ಆ ಅಂಕಿಯೂ ಇರಲಿ.